ಒಂದೆರಡು ಹಾಡುಗಳ ಕೀರ್ತಿ: ಚನ್ನಪಟ್ಟಣ ಸೀಮೆಯ ಹರಿದಾಸರನ್ನು ಕುರಿತು ಒಂದು ವಿಚಾರ

ಗೀತಕಾರನೊಬ್ಬನು ನೂರಾರು ಹಾಡುಗಳನ್ನು ರಚಿಸಿದ್ದರೂ ಲೋಕವು ಅವುಗಳಲ್ಲಿ ಒಂದೆರಡನ್ನು ಮಾತ್ರ ಆಯ್ದುಕೊಂಡು, ಅವುಗಳಿಂದಲೇ ಅವನನ್ನು ಗುರುತಿಸುವುದು ಎಲ್ಲ ದೇಶಗಳಲ್ಲಿಯೂ ಕಂಡುಬರುವ ಸಂಗತಿ. ಪಾಶ್ಚಾತ್ಯರು ಇದನ್ನು ಎಣಿಕೆಯಿಂದಲೇ ನಿರ್ಣಯಿಸುವ ಪದ್ಧತಿಯನ್ನು ಇಟ್ಟುಕೊಂಡಿದ್ದಾರೆ. ಅಮೆರಿಕದ ‘ಬಿಲ್‌ಬೋರ್ಡ್’ ಪತ್ರಿಕೆಯು ೧೯೪೦ರಲ್ಲಿ, ಅಂಗಡಿಗಳಲ್ಲಿ ಹೆಚ್ಚಾಗಿ ಮಾರಾಟವಾದ ಗ್ರಾಮಫೋನ್ ತಟ್ಟೆಗಳ ಪಟ್ಟಿಯನ್ನು ವಾರವಾರವೂ ಪ್ರಕಟಿಸತೊಡಗಿತು. ರೇಡಿಯೋ ಸಿಲೋನಿನಲ್ಲಿ ೧೯೫೨ರಲ್ಲಿ ಆರಂಭವಾದ ‘ಬಿನಾಕಾ ಗೀತಮಾಲಾ’ ಎಂಬ ಕಾರ್ಯಕ್ರಮವು ಮುಂದೆ ಹಿಂದೀ ಚಲಚ್ಚಿತ್ರಗೀತೆಗಳನ್ನು ಜನಪ್ರಿಯತೆಯ ತಾರತಮ್ಯಕ್ಕನುಸಾರವಾಗಿ ಕೇಳಿಸುತ್ತಿತ್ತು. ಅಂಥ ಪಟ್ಟಿಗಳಲ್ಲಿ ಒಂದೆರಡು ಸಲ ಅಗ್ರಸ್ಥಾನವನ್ನು ಪಡೆದು, ಬಳಿಕ ಆ ಒಂದೆರಡು ಹಾಡುಗಳ ಬಲದಿಂದಲೇ ನೆನಪಿನಲ್ಲಿ ಉಳಿದಿರುವ ಗಾಯಕರು ಅನೇಕರು.

ಎಣಿಕೆಯು ಹೊಸದಾದರೂ ಸಂಗತಿಯು ಹೊಸದಲ್ಲ. ಸಂಸ್ಕೃತ ಸಾಹಿತ್ಯದ ಸಹೃದಯರು ಕಾಳಿದಾಸನನ್ನು ‘ದೀಪಶಿಖಾಕಾಳಿದಾಸ’ನೆಂದೂ, ಭಾರವಿಯನ್ನು ‘ಆತಪತ್ರಭಾರವಿ’ಯೆಂದೂ, ಮಾಘನನ್ನು ‘ಘಂಟಾಮಾಘ’ನೆಂದೂ ಕರೆದಿದ್ದಾರೆ. ರಘುವಂಶ, ಕಿರಾತಾರ್ಜುನೀಯ, ಶಿಶುಪಾಲವಧಗಳಂಥ ಮಹಾಕಾವ್ಯಗಳನ್ನು ರಚಿಸಿದವರಿಗೆ ಒಂದೊಂದು ಶ್ಲೋಕದ ಒಂದೊಂದು ಉಪಮಾನವೇ ಬಿರುದಾಯಿತು. ಸುಭಾಷಿತ ಸಂಗ್ರಹಗಳನ್ನು ತೆರೆದು ನೋಡಿದರೆ, ಒಂದೇ ಶ್ಲೋಕದಿಂದ ಹೆಸರುಳಿಸಿಕೊಂಡಿರುವ ಕವಿಗಳು ಎಷ್ಟೋ ಮಂದಿ ದೊರೆಯುತ್ತಾರೆ. ಇಲ್ಲಿ ವಿಚಾರ್ಯವಾದ ಪ್ರಶ್ನೆಯಿದು: ಹೀಗೆ ಉಳಿದ ಒಂದು ಹಾಡು ಅಥವಾ ಒಂದು ಶ್ಲೋಕವು ಕರ್ತೃವಿನ ಯೋಗ್ಯತೆಗೆ ಪ್ರಮಾಣವೇ? ಅಥವಾ ಅದು ಉಳಿಯುವುದಕ್ಕೆ ಬೇರೆ ಕಾರಣಗಳಿವೆಯೇ? ಹಾಡುಗಳನ್ನು ಪಾಠ ಹೇಳುವ ಅಧ್ಯಾಪಕರಿಗೆ ಇದರ ಉತ್ತರವು ಅತ್ಯವಶ್ಯಕವಾದುದು. ಏಕೆಂದರೆ ವಿದ್ಯಾರ್ಥಿಯು ತಾನು ಕೇಳಿಬಲ್ಲ ಒಂದು ಹಾಡನ್ನೇ ಗ್ರಂಥಕರ್ತನ ಸರ್ವಸ್ವವೆಂದು ಭಾವಿಸಿ ಪಾಠಕ್ಕೆ ಬಂದಿರುತ್ತಾನೆ.

ರಾಮನಗರ, ಚನ್ನಪಟ್ಟಣ, ಕನಕಪುರ, ಮಾಗಡಿಗಳನ್ನೊಳಗೊಂಡ ಸೀಮೆಯಲ್ಲಿ ಈ ಪ್ರಶ್ನೆಯನ್ನು ಪರೀಕ್ಷಿಸುವುದಕ್ಕೆ ತಕ್ಕ ನಿದರ್ಶನಗಳಿವೆ. ಚನ್ನಪಟ್ಟಣಕ್ಕೆ ಸಮೀಪದಲ್ಲಿ, ಕಣ್ವಾ ನದಿಯ ಆಸುಪಾಸಿನಲ್ಲಿರುವ ಅಬ್ಬೂರು ಮತ್ತು ದೊಡ್ಡಮಳೂರು ಎಂಬ ಎರಡು ಊರುಗಳು ಮೂವರು ಹರಿದಾಸರೊಡನೆ ಸಂಬಂಧವನ್ನು ಪಡೆದಿವೆ. ಅಬ್ಬೂರು ಶ್ರೀಪಾದರಾಯರ ಜನ್ಮಸ್ಥಳವೆಂದು ಪ್ರಸಿದ್ಧವಾದುದು. ಅವರ ಬಂಧುಗಳೇ ಆದ ಬ್ರಹ್ಮಣ್ಯತೀರ್ಥರ ಬೃಂದಾವನವಿರುವುದೂ ಅಲ್ಲಿಯೇ. ಆ ಬ್ರಹ್ಮಣ್ಯತೀರ್ಥರಿಂದ ಸಂನ್ಯಾಸವನ್ನು ಪಡೆದವರು ವ್ಯಾಸರಾಯರು. ದೊಡ್ಡಮಳೂರಿನ ಅಪ್ರಮೇಯಸ್ವಾಮಿಯ ದೇವಾಲಯದಲ್ಲಿರುವ ಅಂಬೆಗಾಲು ಕೃಷ್ಣನನ್ನು ಕಂಡು ಪುರಂದರದಾಸರು ‘ಜಗದೋದ್ಧಾರನ’ ಎಂಬ ಕೀರ್ತನೆಯನ್ನು ಹಾಡಿದರೆಂಬುದು ಐತಿಹ್ಯ. ಈ ಮೂವರ ಕೀರ್ತಿಯೂ ಮೂರು ಬಗೆಯದಾಗಿರುವುದರಿಂದ ಇವರನ್ನು ಒಟ್ಟಿಗೆ ಇಟ್ಟು ನೋಡುವುದು ಯುಕ್ತವೆಂದು ತೋರುತ್ತದೆ.

ಮೊದಲು ವ್ಯಾಸರಾಯರು. ಬನ್ನೂರಿನಲ್ಲಿ ಹುಟ್ಟಿದ ಇವರು ಬ್ರಹ್ಮಣ್ಯತೀರ್ಥರಲ್ಲಿ ಆಶ್ರಮವನ್ನೂ, ಮುಳುಬಾಗಿಲಿನಲ್ಲಿ ಶ್ರೀಪಾದರಾಯರ ಬಳಿ ಶಾಸ್ತ್ರವನ್ನೂ ಪಡೆದು, ವಿಜಯನಗರದ ಅರಸರಿಂದ ಮಾನಿತರಾಗಿ, ೧೫೩೯ರಲ್ಲಿ ದೇಹವನ್ನು ಬಿಟ್ಟರು. ಆನೆಗೊಂದಿಯ ಬಳಿಯ ನವಬೃಂದಾವನದಲ್ಲಿ ಇವರ ಬೃಂದಾವನವಿದೆ. ಇವರ ಚರಿತ್ರೆಯನ್ನು ವರ್ಣಿಸುವ ಸೋಮನಾಥ ಕವಿಯ ‘ವ್ಯಾಸಯೋಗಿಚರಿತ’ವೆಂಬ ಸಂಸ್ಕೃತ ಚಂಪುವನ್ನು ಬಿ. ವೆಂಕೋಬರಾಯರು ೧೯೨೬ರಲ್ಲಿ ಬೆಂಗಳೂರಿನಿಂದ ಪ್ರಕಟಿಸಿದರು. ನ್ಯಾಯಾಮೃತ, ತಾತ್ಪರ್ಯಚಂದ್ರಿಕಾ, ತರ್ಕತಾಂಡವ ಎಂಬ ಇವರ ಮೂರು ಗ್ರಂಥಗಳು ‘ವ್ಯಾಸತ್ರಯ’ವೆಂದು ವಿದ್ವತ್ಸಭೆಗಳಲ್ಲಿ ಮಾನ್ಯವಾಗಿವೆ. ನ್ಯಾಯಾಮೃತಕ್ಕೆ ಉತ್ತರವಾಗಿಯೇ ಮಧುಸೂದನ ಸರಸ್ವತಿಗಳು ಅದ್ವೈತಸಿದ್ಧಿಯನ್ನು ರಚಿಸಬೇಕಾಯಿತು ಎಂದ ಮೇಲೆ ಆ ಗ್ರಂಥದ ಪ್ರೌಢಿಯನ್ನು ಬೇರೆ ಹೇಳಬೇಕಾದುದಿಲ್ಲ. ಆದರೆ ಲೋಕದಲ್ಲಿ ವ್ಯಾಸರಾಯರನ್ನು ಉಳಿಸಿರುವುದು ನ್ಯಾಯಾಮೃತವಲ್ಲ. ‘ಕೃಷ್ಣಾ ನೀ ಬೇಗನೆ ಬಾರೋ’ ಎಂಬ ಒಂದು ಕೀರ್ತನೆ. ಪುರಂದರದಾಸರನ್ನು ಹೊಗಳಿ ಇವರು ಹಾಡಿದ ‘ದಾಸರೆಂದರೆ’ ಎಂಬ ಪದವು ಅದಕ್ಕೆ ಎರಡನೆಯದಾಗಿ ನಿಲ್ಲಬಹುದು. ಇವರ ಉಳಿದ ಪದಗಳನ್ನು ಭಜನ ಗೋಷ್ಠಿಗಳ ಹೊರಗೆ ಕೇಳುವುದು ವಿರಳ.

ಈ ಒಂದು ಹಾಡು ಇಷ್ಟು ದೂರ ಹೋದುದಕ್ಕೆ ಕಾರಣವನ್ನು ಅದರ ರಚನೆಯಲ್ಲಿಯೇ ಮೊದಲು ಹುಡುಕಬೇಕು. ಪಲ್ಲವಿಯು ಸಂಬೋಧನೆಯಾಗಿದೆ, ಕೂಗಿ ಕರೆಯುವ ಮಾತಿನ ಸಹಜವಾದ ಏರಿಳಿತವು ಅದರಲ್ಲಿದೆ. ಚರಣಗಳು ಮಗುವಿನ ಕಾಲಿನ ಗೆಜ್ಜೆ, ಉಡಿಗೆ, ಕೈಯ ಕೊಳಲು, ಮೈಯ ಗಂಧ ಎಂದು ಒಂದೊಂದಾಗಿ ತೋರಿಸಿ, ಕೊನೆಯಲ್ಲಿ ತಾಯಿಗೆ ಬಾಯೊಳಗೆ ಜಗತ್ತನ್ನು ತೋರಿದ ಭಾಗವತದ ಪ್ರಸಂಗದಲ್ಲಿ ಮುಗಿಯುತ್ತವೆ. ವಾತ್ಸಲ್ಯದಿಂದ ಹೊರಟು ಅದ್ಭುತದಲ್ಲಿ ನಿಲ್ಲುವ ಈ ಕ್ರಮವು ಅಭಿನಯಕ್ಕೆ ಬಹಳ ಅನುಕೂಲವಾದುದು. ಒಂದೇ ಕರೆಯನ್ನು ಹತ್ತು ಭಾವಗಳಿಂದ ಕರೆಯುವುದಕ್ಕೆ ಅವಕಾಶವಿರುವುದರಿಂದ ತಮಿಳುನಾಡಿನ ನಾಟ್ಯಸಂಪ್ರದಾಯವು ಈ ಕನ್ನಡ ಪದವನ್ನು ತನ್ನದನ್ನಾಗಿ ಮಾಡಿಕೊಂಡಿತು. ಟಿ. ಬಾಲಸರಸ್ವತಿಯವರ ಅಭಿನಯದಿಂದ ಅದು ದೇಶಾಂತರಗಳಲ್ಲಿಯೂ ಹೆಸರಾಯಿತು; ಸತ್ಯಜಿತ್ ರಾಯರು ೧೯೭೬ರಲ್ಲಿ ಆಕೆಯನ್ನು ಕುರಿತು ತೆಗೆದ ‘ಬಾಲಾ’ ಎಂಬ ಚಿತ್ರದಲ್ಲಿ ಸಮುದ್ರತೀರದಲ್ಲಿ ಆಕೆ ಇದನ್ನು ಅಭಿನಯಿಸಿದ್ದಾರೆ. ೧೯೯೬ರಲ್ಲಿ ಹರಿಹರನ್ ಮತ್ತು ಲೆಸ್ಲಿ ಲೂಯಿಸ್ ಎಂಬಿಬ್ಬರು ‘ಕಲೋನಿಯಲ್ ಕಸಿನ್ಸ್’ ಎಂಬ ಹೆಸರಿನಲ್ಲಿ, ಇದರ ಪಲ್ಲವಿಯನ್ನು ಆಂಗ್ಲಪದಗಳೊಡನೆ ಸೇರಿಸಿ ಹಾಡಿದುದು ತರುಣರಲ್ಲಿ ಬಹಳ ಪ್ರಚಾರವನ್ನು ಪಡೆಯಿತು. ಜಗತ್ತು ಸತ್ಯವೆಂದು ತರ್ಕದಿಂದ ಸಾಧಿಸಿದ ಯತಿಗಳು ಆ ಜಗತ್ತನ್ನು ಮಗುವಿನ ಬಾಯಲ್ಲಿ ಇಟ್ಟು ತೋರಿಸಿದರೆಂಬುದನ್ನು ಕೇಳುಗರಲ್ಲಿ ಎಷ್ಟು ಮಂದಿ ಬಲ್ಲರು? ಹಾಡನ್ನು ಬಲ್ಲವರು ನ್ಯಾಯಾಮೃತವನ್ನು ಅರಿಯರು. ನ್ಯಾಯಾಮೃತವನ್ನು ಓದಿದವರು ಹಾಡನ್ನು ಲೆಕ್ಕಿಸರು. ಒಬ್ಬರೇ ಗ್ರಂಥಕರ್ತರು ಹೀಗೆ ಇಬ್ಬರಾಗಿಬಿಟ್ಟಿದ್ದಾರೆ.

ಇಲ್ಲಿ ಇನ್ನೊಂದು ಸೂಕ್ಷ್ಮವುಂಟು. ವ್ಯಾಸರಾಯರ ಅಂಕಿತವು ‘ಸಿರಿಕೃಷ್ಣ’ ಎಂಬುದು. ಕೃಷ್ಣನನ್ನೇ ಕುರಿತ ಹಾಡಿನಲ್ಲಿ ಕೃಷ್ಣನ ಹೆಸರು ಬರುವುದು ಅನಿವಾರ್ಯ. ಕೊನೆಯ ಚರಣದ ಉಡುಪಿಯ ಶ್ರೀಕೃಷ್ಣನು ವಿಷಯವೋ, ಅಂಕಿತವೋ, ಎರಡೂ ಹೌದೋ ಎಂಬುದನ್ನು ಆ ಶಬ್ದವೊಂದರಿಂದಲೇ ನಿಶ್ಚಯಿಸಲಾಗುವುದಿಲ್ಲ. ಬಾಧಕವಾದ ಪ್ರಮಾಣವಿಲ್ಲದಿರುವಲ್ಲಿ ಸಂಪ್ರದಾಯವನ್ನು ಬಿಡತಕ್ಕದ್ದಲ್ಲವೆಂಬ ನ್ಯಾಯದಿಂದ ಇದನ್ನು ವ್ಯಾಸರಾಯರದೆಂದೇ ಹೇಳಬೇಕು. ಆದರೆ ಅವರ ಲೋಕಪ್ರಸಿದ್ಧಿಯೆಲ್ಲವೂ ಇಷ್ಟು ನಯವಾದ ಎಳೆಯ ಮೇಲೆ ನಿಂತಿದೆಯೆಂಬುದನ್ನು ಪಾಠ ಹೇಳುವವರು ಮರೆಯಬಾರದು.

ಎರಡನೆಯದಾಗಿ ಪುರಂದರದಾಸರ ವಿಷಯ. ೧೫೬೪ರಲ್ಲಿ ದಿವಂಗತರಾದ ಇವರು ಒಂದೆರಡು ಹಾಡುಗಳಿಂದ ಪ್ರಸಿದ್ಧರಾದವರಲ್ಲ. ಇವರ ಪದಗಳಲ್ಲಿ ಹತ್ತಾರನ್ನು ಅಕ್ಷರಜ್ಞಾನವಿಲ್ಲದವರೂ ಬಲ್ಲರು. ಆದುದರಿಂದ ‘ಜಗದೋದ್ಧಾರನ’ ಎಂಬ ಪದವು ಎಷ್ಟೇ ಪ್ರಚಾರವಾದರೂ ದಾಸರನ್ನು ನುಂಗಲಿಲ್ಲ. ಅದು ಪ್ರಸಿದ್ಧಿಗೆ ತಂದುದು ದಾಸರನ್ನಲ್ಲ, ದೊಡ್ಡಮಳೂರನ್ನು. ಸಂತಾನವನ್ನು ಬಯಸುವ ದಂಪತಿಗಳು ಅಂಬೆಗಾಲು ಕೃಷ್ಣನಿಗೆ ತೊಟ್ಟಿಲನ್ನು ಹರಕೆಯಾಗಿ ಒಪ್ಪಿಸುವ ಆ ಸನ್ನಿಧಿಯಲ್ಲಿ ಹಾಡೂ ಮೂರ್ತಿಯೂ ಒಂದನ್ನೊಂದು ಬೆಳೆಸಿವೆ.

ಆ ಕೀರ್ತನೆಯನ್ನು ದಾಸರು ಅಲ್ಲಿಯೇ ಹಾಡಿದರೆಂಬುದಕ್ಕೆ ಅಂತಃಪ್ರಮಾಣವೇನಾದರೂ ಉಂಟೇ? ಪದದಲ್ಲಿ ಊರಿನ ಹೆಸರಿಲ್ಲ. ಆದರೆ ಒಂದು ಚರಣದಲ್ಲಿ ‘ಅಪ್ರಮೇಯ’ ಎಂಬ ಶಬ್ದವಿದೆ. ಅದು ದೊಡ್ಡಮಳೂರಿನ ಮೂಲದೇವರ ಹೆಸರು. ಇದನ್ನೇ ಸಾಧಕವಾಗಿ ಹಿಡಿಯಬಹುದೆಂದು ಮೇಲುನೋಟಕ್ಕೆ ತೋರುತ್ತದೆ. ಆದರೆ ಆ ಶಬ್ದವು ವಿಷ್ಣುಸಹಸ್ರನಾಮದಲ್ಲಿಯೂ ಬರುವುದು. ಅಳತೆಗೆ ನಿಲುಕದವನೆಂದು ಅದರ ಅರ್ಥ. ಅಣುವಿಗಿಂತ ಅಣುವೂ ಮಹತ್ತಿಗಿಂತ ಮಹತ್ತೂ ಆದವನೆಂಬ ಕಠೋಪನಿಷತ್ತಿನ ಭಾವವು ಅದೇ ಚರಣದಲ್ಲಿ ಹಿಂದೆಯೇ ಬಂದಿರುವುದರಿಂದ, ಅದರ ಮುಂದೆ ‘ಅಪ್ರಮೇಯ’ನೆಂಬ ಮಾತು ಸ್ಥಳದ ನೆನಪಿಲ್ಲದೆಯೂ ಬರತಕ್ಕುದೇ. ಹೀಗಾಗಿ ಆ ಶಬ್ದವು ಐತಿಹ್ಯಕ್ಕೆ ವಿರೋಧಿಯಲ್ಲ, ಅದನ್ನು ಸಾಧಿಸುವಷ್ಟು ಬಲವುಳ್ಳದ್ದೂ ಅಲ್ಲ. ಶ್ಲೇಷವೆಂದು ಗ್ರಹಿಸಿ ಆನಂದಿಸುವುದಕ್ಕೆ ಅಡ್ಡಿಯಿಲ್ಲ. ಚರಿತ್ರೆಯೆಂದು ಬರೆಯುವಾಗ ‘ಎಂಬ ಪ್ರತೀತಿ’ ಎಂಬ ಮಾತನ್ನು ಸೇರಿಸತಕ್ಕದ್ದು.

ಈ ಪದವು ದೇಶವ್ಯಾಪಕವಾದುದಕ್ಕೆ ಗಾಯಕರೂ ಯಂತ್ರವೂ ಕಾರಣ. ಬಿ. ಎಸ್. ರಾಜಯ್ಯಂಗಾರ್ಯರು ಕಾಪಿ ರಾಗದಲ್ಲಿ ಹಾಡಿದ ಗ್ರಾಮಫೋನ್ ತಟ್ಟೆಯು ಕನ್ನಡನಾಡಿನಲ್ಲಿ ಇದನ್ನು ಮನೆಮಾತಾಗಿಸಿತು, ಎಂ. ಎಸ್. ಸುಬ್ಬುಲಕ್ಷ್ಮಿಯವರ ಕಂಠದಿಂದ ಕನ್ನಡವನ್ನರಿಯದವರಿಗೂ ಪರಿಚಿತವಾಯಿತು. ರಾಜಯ್ಯಂಗಾರ್ಯರು ಕಛೇರಿಗಳಲ್ಲಿ ಎಷ್ಟೋ ಕೃತಿಗಳನ್ನು ಹಾಡಿದ ವಿದ್ವಾಂಸರಾದರೂ, ಅವರ ಹೆಸರನ್ನೆತ್ತಿದೊಡನೆ ಜನರು ನೆನೆಯುವುದು ಈ ಹಾಡನ್ನೇ. ಗೀತಕಾರನಿಗೆ ಒದಗುವ ವಿಧಿಯು ಗಾಯಕನಿಗೂ ಒದಗುವುದೆಂಬುದಕ್ಕೆ ಇದು ದೃಷ್ಟಾಂತ. ಹಳೆಯ ತಟ್ಟೆಯ ಒಂದು ಬದಿಯಲ್ಲಿ ಮೂರು ಮೂರೂವರೆ ನಿಮಿಷಗಳಷ್ಟು ಕಾಲ ಮಾತ್ರ ಹಾಡಬಹುದಾಗಿತ್ತು. ಪಲ್ಲವಿಯೊಡನೆ ಎರಡು ಮೂರು ಚಿಕ್ಕ ಚರಣಗಳಿರುವ ಕೀರ್ತನೆಗೆ ಅಷ್ಟು ಸಾಕು. ಧ್ರುವ, ಮಠ್ಯ, ರೂಪಕ, ಝಂಪೆ ಮೊದಲಾದ ತಾಳಗಳಲ್ಲಿ ಕ್ರಮವಾಗಿ ಸಾಗುವ ಸುಳಾದಿಗೆ ಆ ಬದಿಯು ಸಾಲದು. ತಾಳವಿಲ್ಲದ ಉಗಾಭೋಗಕ್ಕೆ ಮರಳಿ ಮರಳಿ ಹಿಡಿಯಲು ಪಲ್ಲವಿಯೇ ಇಲ್ಲ. ಹೀಗೆ ಯಂತ್ರದ ಅಳತೆಯೇ ಒಂದು ಬಗೆಯ ವಿಮರ್ಶಕನಾಗಿ ಕುಳಿತು, ದಾಸಸಾಹಿತ್ಯದಲ್ಲಿ ಯಾವುದು ಲೋಕಕ್ಕೆ ತಿಳಿಯಬೇಕು, ಯಾವುದು ಮರೆಯಲ್ಲಿರಬೇಕು ಎಂಬುದನ್ನು ಬಹುಮಟ್ಟಿಗೆ ತೀರ್ಮಾನಿಸಿತು. ದಾಸರ ಕಾಲದ ಧಾಟಿಗಳು ಸ್ವರಲಿಪಿಯಲ್ಲಿ ಉಳಿದುಬಂದಿಲ್ಲವಾದುದರಿಂದ, ಈಗ ಕೇಳುವ ಮಟ್ಟು ಹಿಂದಿನವರು ಕೂಡಿಸಿದುದೆಂದೂ ತಿಳಿಯಬೇಕು.

ಮೂರನೆಯವರು ಶ್ರೀಪಾದರಾಯರು. ಬಾಲಕರಾಗಿದ್ದಾಗ, ಅಬ್ಬೂರು ಎಷ್ಟು ದೂರವೆಂದು ಕೇಳಿದ ಸ್ವರ್ಣವರ್ಣತೀರ್ಥರಿಗೆ, ಇಳಿಯುತ್ತಿರುವ ಸೂರ್ಯನನ್ನೂ ತಮ್ಮ ಎಳೆಯ ವಯಸ್ಸನ್ನೂ ನೋಡಿ ದೂರವನ್ನು ಊಹಿಸಬಹುದೆಂದು ಚಮತ್ಕಾರವಾಗಿ ಉತ್ತರವಿತ್ತರೆಂಬ ಕಥೆಯು ಪ್ರಸಿದ್ಧವಾಗಿದೆ. ಜಯತೀರ್ಥರ ನ್ಯಾಯಸುಧೆಗೆ ‘ವಾಗ್ವಜ್ರ’ವೆಂಬ ವ್ಯಾಖ್ಯಾನವನ್ನು ಬರೆದ ಇವರು ‘ರಂಗವಿಠಲ’ ಎಂಬ ಅಂಕಿತದಿಂದ ಕನ್ನಡದಲ್ಲಿ ಹಾಡಿ, ಹರಿದಾಸ ಪಿತಾಮಹರೆನಿಸಿದರು. ಭ್ರಮರಗೀತೆ, ವೇಣುಗೀತೆ, ಗೋಪೀಗೀತೆಗಳಲ್ಲಿ ಭಾಗವತದ ವಿರಹವನ್ನು ಕನ್ನಡಕ್ಕೆ ಇಳಿಸಿದ ಇವರ ಕವಿತ್ವವು ಮುಂದಿನ ಇಬ್ಬರಿಗೂ ದಾರಿಯನ್ನು ತೋರಿತು. ಆದರೂ ಇವರ ಹಾಡುಗಳಲ್ಲಿ ‘ಜಗದೋದ್ಧಾರನ’ದಷ್ಟು ದೂರ ಹೋದುದು ಒಂದೂ ಇಲ್ಲ. ‘ಕಂಗಳಿದ್ಯಾತಕೋ’, ‘ಭೂಷಣಕೆ ಭೂಷಣ’ ಎಂಬಂಥ ಕೆಲವನ್ನು ಭಜನೆಯವರು ಬಲ್ಲರು, ಅಷ್ಟೆ. ಗುರುವಿಗೆ ಬಾರದ ಕೀರ್ತಿಯು ಶಿಷ್ಯರಿಗೂ ಶಿಷ್ಯರ ಶಿಷ್ಯರಿಗೂ ಬಂದಿತು. ಗುಣದಲ್ಲಿ ಕೊರತೆಯಿದ್ದುದರಿಂದ ಹೀಗಾಯಿತೆಂದು ಹೇಳಲು ಸಾಧ್ಯವಿಲ್ಲ. ಆ ಪದಗಳಿಗೆ ಒಬ್ಬ ಬಾಲಸರಸ್ವತಿಯಾಗಲಿ, ತೊಟ್ಟಿಲು ಕಟ್ಟುವ ಒಂದು ಸನ್ನಿಧಿಯಾಗಲಿ ದೊರೆಯಲಿಲ್ಲ.

ಈ ಮೂವರಿಗೂ ಅಂಕಿತವೆಂಬುದೊಂದು ರಕ್ಷೆಯಿತ್ತು. ಅದೂ ಇಲ್ಲದಿದ್ದರೆ ಏನಾಗುವುದೆಂಬುದನ್ನು ಇದೇ ಸೀಮೆಯ ಜನಪದ ಗೀತಗಳಲ್ಲಿ ನೋಡಬಹುದು. ಎಚ್. ಎಲ್. ನಾಗೇಗೌಡರು ೧೯೯೪ರಲ್ಲಿ ರಾಮನಗರದ ಬಳಿ ಸ್ಥಾಪಿಸಿದ ಜಾನಪದ ಲೋಕವು ರಕ್ಷಿಸುತ್ತಿರುವ ಪರಂಪರೆಯಲ್ಲಿ, ಬೀಸುವ ಪದ, ಸೋಬಾನೆ ಪದಗಳನ್ನು ಮೊದಲು ಕಟ್ಟಿದ ಹೆಂಗಸಿನ ಹೆಸರು ಯಾರಿಗೂ ತಿಳಿಯದು. ಅಲ್ಲಿ ಹಾಡು ಪೂರ್ತಿಯಾಗಿ ಗೆದ್ದಿದೆ. ಕರ್ತೃವು ಪೂರ್ತಿಯಾಗಿ ಮರೆಯಾಗಿದ್ದಾಳೆ.

ಇದರಿಂದ ಫಲಿತವಾಗುವುದಿಷ್ಟು. ಒಂದು ಹಾಡು ಎಲ್ಲರ ಬಾಯಲ್ಲಿ ನಿಲ್ಲುವುದಕ್ಕೆ ಅದರ ಗುಣವು ಬೇಕೇ ಬೇಕು. ಆದರೆ ಗುಣವೊಂದೇ ಸಾಲದು. ಮರಳಿ ಹಾಡಲು ಒದಗುವ ಪಲ್ಲವಿ, ಅಭಿನಯಕ್ಕೆ ಎಡೆ, ಸ್ಥಳದ ಐತಿಹ್ಯ, ಸಮರ್ಥ ಗಾಯಕ, ಅವನ ಧ್ವನಿಯನ್ನು ಒಯ್ಯುವ ಸಾಧನ, ಇವು ಕೂಡಿದಲ್ಲಿ ಪ್ರಸಿದ್ಧಿ. ಆದುದರಿಂದ ಪ್ರಸಿದ್ಧವಾದುದೆಲ್ಲ ಉತ್ತಮವೆಂದೂ, ಅಪ್ರಸಿದ್ಧವಾದುದೆಲ್ಲ ಅಧಮವೆಂದೂ ತೀರ್ಮಾನಿಸುವುದು ಎರಡೂ ಕಡೆಗಳಲ್ಲಿ ಅನ್ಯಾಯ. ಪಂಡಿತರಲ್ಲಿ ಕೆಲವರು ಇದಕ್ಕೆ ವಿಪರೀತವಾಗಿ, ಎಲ್ಲರೂ ಹಾಡುವುದೆಂಬ ಕಾರಣದಿಂದಲೇ ಒಂದು ಪದವನ್ನು ಹಗುರವಾಗಿ ಎಣಿಸುವುದುಂಟು. ಅದೂ ಅವಿಚಾರವೇ ಸರಿ.

ಅಧ್ಯಾಪಕರಿಗೆ ಇದರಿಂದ ಒಂದು ಕರ್ತವ್ಯವು ಒದಗುತ್ತದೆ. ವಿದ್ಯಾರ್ಥಿಯು ಬಲ್ಲ ಹಾಡಿನಿಂದಲೇ ಪಾಠವನ್ನು ಆರಂಭಿಸಲಿ. ಅದನ್ನು ಬಿಟ್ಟರೆ ಅವನನ್ನು ಕರೆತರುವುದಕ್ಕೆ ಬೇರೆ ಬಾಗಿಲಿಲ್ಲ. ಆದರೆ ಅದರೊಡನೆ ಅದೇ ಕರ್ತೃವಿನ, ಯಾರೂ ಹಾಡದ ಒಂದು ಪದವನ್ನೋ ಒಂದು ಸುಳಾದಿಯನ್ನೋ ಜೊತೆಗಿಟ್ಟು ಓದಿಸಲಿ, ಐತಿಹ್ಯವನ್ನು ಐತಿಹ್ಯವೆಂದು ಹೇಳಲಿ, ಅಂಕಿತವೆಲ್ಲಿದೆಯೆಂದು ತೋರಿಸಲಿ. ಹರ್ಮನ್ ಮೋಗ್ಲಿಂಗನು ೧೮೫೦ರಲ್ಲಿ ಮಂಗಳೂರಿನಲ್ಲಿ ದಾಸರ ಪದಗಳನ್ನು ಅಚ್ಚುಮಾಡಿಸಿದಂದಿನಿಂದ ನಮಗೆ ಮುದ್ರಿತ ಪಾಠಗಳು ಒದಗಿವೆ. ಓದುವುದಕ್ಕೆ ಸಾಮಗ್ರಿಯ ಕೊರತೆಯಿಲ್ಲ. ಶ್ರೀಪಾದರಾಯರ ಒಂದು ಪದವನ್ನು ವರ್ಷಕ್ಕೊಂದರಂತೆ ಪ್ರತಿಯೊಂದು ಪಾಠಶಾಲೆಯಲ್ಲಿ ಹಾಡಿಸಿದರೂ, ಒಂದು ತಲೆಮಾರಿನೊಳಗೆ ಅಬ್ಬೂರಿನ ಹೆಸರು ದೊಡ್ಡಮಳೂರಿನ ಹೆಸರಿನೊಡನೆ ಸರಿಯಾಗಿ ನಿಲ್ಲಬಹುದು. ವಿದ್ವಾಂಸರು ಇದನ್ನು ಪರಾಮರ್ಶಿಸಬೇಕೆಂದು ಪ್ರಾರ್ಥಿಸುತ್ತೇನೆ.