ಅಕ್ವೇರಿಯಂ ಹಿನ್ನೆಲೆಯ ವಿಷಪರೀಕ್ಷೆ

ಅಕ್ವೇರಿಯಮ್ಮಿನ ಹಿಂಬದಿಯ ಗಾಜಿಗೆ ಬಂಡೆಯ ಅಥವಾ ನದಿದಂಡೆಯ ರೂಪ ಕೊಡಬಯಸುವ ಹವ್ಯಾಸಿಗಳು ಸಾಮಾನ್ಯವಾಗಿ ಥರ್ಮಾಕೋಲ್ ಹಾಳೆಯನ್ನು ಕೆತ್ತಿ, ಅದರ ಮೇಲೆ ಸಿಮೆಂಟನ್ನು ತೆಳುವಾಗಿ ಎರಡು ಮೂರು ಸಲ ಬಳಿದು, ಬಣ್ಣ ಕೊಟ್ಟು, ಸಿಲಿಕೋನ್ ಅಂಟಿನಿಂದ ಗಾಜಿಗೆ ಕೂರಿಸುತ್ತಾರೆ. ಈ ಸಾಮಗ್ರಿಗಳಲ್ಲಿ ಬಹುಪಾಲು ಕಟ್ಟಡ ಕೆಲಸಕ್ಕೋ ಮರಗೆಲಸಕ್ಕೋ ತಯಾರಾದವೇ ಹೊರತು ಜಲಚರಗಳ ನಡುವೆ ವರ್ಷಗಟ್ಟಲೆ ಮುಳುಗಿರಲೆಂದು ತಯಾರಾದವಲ್ಲ. ಆದ್ದರಿಂದ ಸಿದ್ಧವಾದ ಹಿನ್ನೆಲೆ ನೀರಿಗೆ ಏನನ್ನು ಬಿಡುತ್ತದೆ, ಎಷ್ಟು ಬಿಡುತ್ತದೆ, ಎಷ್ಟು ಕಾಲ ಬಿಡುತ್ತಿರುತ್ತದೆ ಎಂಬುದನ್ನು ಮೀನು ಬಿಡುವ ಮೊದಲೇ ತಿಳಿದುಕೊಳ್ಳಬೇಕಾಗುತ್ತದೆ. ನೀರು ತಿಳಿಯಾಗಿ ಕಾಣುವುದು ಇದಕ್ಕೆ ಉತ್ತರವಾಗುವುದಿಲ್ಲ. ಏಕೆಂದರೆ ಕರಗಿದ ಸುಣ್ಣ, ತಾಮ್ರ, ಅಮೋನಿಯ ಇವುಗಳಿಗೆ ಮೀನನ್ನು ಕೊಲ್ಲುವ ಪ್ರಮಾಣದಲ್ಲಿಯೂ ಬಣ್ಣವಿರುವುದಿಲ್ಲ.

ಮೀನು ತಾನಿರುವ ನೀರನ್ನೇ ಉಸಿರಾಡುತ್ತದೆ. ಅದರ ಕಿವಿರುಗಳ ಅತಿ ತೆಳುವಾದ ಪೊರೆಯ ಮೂಲಕ ಆಮ್ಲಜನಕ ರಕ್ತಕ್ಕೆ ಸೇರುವಂತೆ ನೀರಿನಲ್ಲಿ ಕರಗಿದ ಇತರ ವಸ್ತುಗಳೂ ಸೇರಬಲ್ಲವು. ಹೊಳೆಯಲ್ಲಿ ಹರಿದುಹೋಗಿಬಿಡುವ ಪದಾರ್ಥ ತೊಟ್ಟಿಯಲ್ಲಿ ನೀರು ಬದಲಿಸುವವರೆಗೂ ಅಲ್ಲಿಯೇ ಉಳಿದು ಸಂಗ್ರಹವಾಗುತ್ತ ಹೋಗುವುದರಿಂದ ಅಪಾಯ ಇನ್ನಷ್ಟು ಹೆಚ್ಚುತ್ತದೆ.

ಮೊದಲು ಗಮನಿಸಬೇಕಾದದ್ದು ಸಿಮೆಂಟನ್ನು. ಸಿಮೆಂಟು ನೀರಿನೊಡನೆ ಸೇರಿ ಗಟ್ಟಿಯಾಗುವಾಗ ಕ್ಯಾಲ್ಸಿಯಂ ಹೈಡ್ರಾಕ್ಸೈಡ್, ಅಂದರೆ ಅರಳಿದ ಸುಣ್ಣ, ಉಂಟಾಗುತ್ತದೆ. ಅದರ ಸೂಕ್ಷ್ಮ ರಂಧ್ರಗಳೊಳಗಿನ ನೀರಿನ ಪಿಎಚ್ 12ನ್ನು ಮೀರಿರುತ್ತದೆ. ಪಿಎಚ್ ಎಂಬುದು ಆಮ್ಲತೆ ಮತ್ತು ಕ್ಷಾರತೆಗಳನ್ನು 0ರಿಂದ 14ರವರೆಗೆ ಅಳೆಯುವ ಮಾನವಾಗಿದ್ದು, 7 ತಟಸ್ಥವೆನಿಸುತ್ತದೆ. ಇದರಲ್ಲಿ ಒಂದು ಅಂಕಿ ಏರಿದರೆ ಕ್ಷಾರತೆ ಹತ್ತು ಪಟ್ಟು ಹೆಚ್ಚಿದಂತೆ. ಮನೆಗಳಲ್ಲಿ ಸಾಕುವ ಸಿಹಿನೀರಿನ ಮೀನುಗಳಲ್ಲಿ ಹೆಚ್ಚಿನವು 6.5ರಿಂದ 8ರೊಳಗೆ ನೆಮ್ಮದಿಯಾಗಿರುತ್ತವೆ. ಪಿಎಚ್ ಏರಿದಾಗ ಕಿವಿರು ನೇರವಾಗಿ ಸುಡುವುದಲ್ಲದೆ, ಮೀನಿನ ಮಲ ಮತ್ತು ಉಳಿದ ಆಹಾರದಿಂದ ಹುಟ್ಟುವ ಅಮೋನಿಯದ ಸ್ವಭಾವವೂ ಬದಲಾಗುತ್ತದೆ. 25 ಡಿಗ್ರಿ ಸೆಲ್ಸಿಯಸ್ ನೀರಿನಲ್ಲಿ ಪಿಎಚ್ 7 ಇದ್ದಾಗ ಒಟ್ಟು ಅಮೋನಿಯದಲ್ಲಿ ಶೇ. 0.6ರಷ್ಟು ಮಾತ್ರ ವಿಷಕಾರಿ ರೂಪದಲ್ಲಿದ್ದರೆ, 8ರಲ್ಲಿ ಅದು ಸುಮಾರು ಶೇ. 5ಕ್ಕೂ, 9ರಲ್ಲಿ ಸುಮಾರು ಶೇ. 36ಕ್ಕೂ ಏರುತ್ತದೆ. ಸಿಮೆಂಟು ತಾನಾಗಿ ಮೀನನ್ನು ಕೊಲ್ಲದಿದ್ದರೂ ತೊಟ್ಟಿಯಲ್ಲಿ ಮೊದಲೇ ಇದ್ದ ಅಮೋನಿಯವನ್ನು ಮಾರಕವಾಗಿಸಬಲ್ಲದು.

ಉಳಿದ ಸಾಮಗ್ರಿಗಳ ಅಪಾಯ ಬೇರೆ ಬಗೆಯದು. ಗಟ್ಟಿಯಾಗುವಾಗ ವಿನೆಗರ್ ವಾಸನೆ ಬೀರುವ ಸಾದಾ ಸಿಲಿಕೋನ್ ಅಂಟು ಅಸಿಟಿಕ್ ಆಮ್ಲವನ್ನು ಹೊರಬಿಟ್ಟು, ವಾಸನೆ ಪೂರ್ತಿ ಹೋದ ಬಳಿಕ ಸಾಮಾನ್ಯವಾಗಿ ನಿರುಪದ್ರವಿಯಾಗುತ್ತದೆ; ಆದರೆ ಬಚ್ಚಲುಮನೆಗೆಂದು ಮಾರುವ ಸಿಲಿಕೋನಿನಲ್ಲಿ ಬೂಷ್ಟು ತಡೆಯುವ ರಾಸಾಯನಿಕ ಬೆರೆತಿರುವುದರಿಂದ ಅದು ತೊಟ್ಟಿಗೆ ಸಲ್ಲದು. ಕೆಲವರು ಅಂಟಾಗಿ ಅಥವಾ ಲೇಪವಾಗಿ ಬಳಸುವ ಎಪಾಕ್ಸಿಯ ಎರಡು ಭಾಗಗಳನ್ನು ಸರಿಯಾದ ಪ್ರಮಾಣದಲ್ಲಿ ಬೆರೆಸದಿದ್ದರೆ ಪ್ರತಿಕ್ರಿಯೆ ಮುಗಿಯದೆ ಉಳಿದ ಭಾಗ ನಿಧಾನವಾಗಿ ನೀರಿಗೆ ಇಳಿಯುತ್ತದೆ. ಬಣ್ಣಗಳಲ್ಲಿ ಕಬ್ಬಿಣದ ಆಕ್ಸೈಡಿನಿಂದ ಬರುವ ಕೆಂಪು, ಹಳದಿ, ಕಂದುಗಳು ನೀರಿನಲ್ಲಿ ಕರಗುವುದಿಲ್ಲವಾದ್ದರಿಂದ ನಂಬಲರ್ಹವಾದವು. ತಾಮ್ರ, ಕ್ಯಾಡ್ಮಿಯಂ ಮುಂತಾದ ಲೋಹಗಳಿರುವ ಬಣ್ಣಗಳನ್ನು ದೂರವಿಡುವುದು ಒಳಿತು. ಮನುಷ್ಯರಿಗೆ ಸುರಕ್ಷಿತವೆಂಬ ಮುದ್ರೆಯನ್ನೂ ಇಲ್ಲಿ ಪೂರ್ತಿ ನೆಚ್ಚುವಂತಿಲ್ಲ. ಕುಡಿಯುವ ನೀರಿನಲ್ಲಿ ತಾಮ್ರಕ್ಕೆ ವಿಶ್ವ ಆರೋಗ್ಯ ಸಂಸ್ಥೆ ಸೂಚಿಸಿರುವ ಮಿತಿ ಲೀಟರಿಗೆ 2 ಮಿಲಿಗ್ರಾಂ. ಲವಣಗಳು ಕಡಿಮೆಯಿರುವ ಮೆದು ನೀರಿನಲ್ಲಿ ಅದರ ನೂರರಲ್ಲೊಂದು ಪಾಲು ತಾಮ್ರವೂ ಕೆಲವು ಸಣ್ಣ ಜಲಚರಗಳನ್ನು ಕೊಲ್ಲಬಲ್ಲದು.

ಪರೀಕ್ಷೆಯನ್ನು ತೊಟ್ಟಿಯಲ್ಲಿ ಮಾಡದೆ ಬಕೆಟ್ಟಿನಲ್ಲಿ ಮಾಡಬೇಕು; ಅದೂ ತೊಟ್ಟಿಯಲ್ಲಿರುವುದಕ್ಕಿಂತ ಕಠಿಣವಾದ ಪರಿಸ್ಥಿತಿಯಲ್ಲಿ ಮಾಡಬೇಕು. ಉದಾಹರಣೆಗೆ 100 ಸೆಂ.ಮೀ. ಉದ್ದ, 50 ಸೆಂ.ಮೀ. ಅಗಲ, 50 ಸೆಂ.ಮೀ. ಎತ್ತರದ ತೊಟ್ಟಿಯಲ್ಲಿ 250 ಲೀಟರ್ ನೀರು ಹಿಡಿಯುತ್ತದೆ. ಅದರ ಹಿನ್ನೆಲೆಯ ವಿಸ್ತೀರ್ಣ 5,000 ಚದರ ಸೆಂ.ಮೀ. ಆಗುವುದರಿಂದ ಪ್ರತಿ ಲೀಟರಿಗೆ 20 ಚದರ ಸೆಂ.ಮೀ. ಬರುತ್ತದೆ. ಅದೇ ಸಾಮಗ್ರಿಯಿಂದ, ಅದೇ ಕ್ರಮದಲ್ಲಿ, ಒಂದೇ ಮುಖಕ್ಕೆ ಲೇಪಿಸಿದ 10 ಸೆಂ.ಮೀ. ಚೌಕದ ಮಾದರಿ ಬಿಲ್ಲೆಯನ್ನು 1 ಲೀಟರ್ ನೀರಿನಲ್ಲಿ ಮುಳುಗಿಸಿದರೆ ಪರೀಕ್ಷೆ ತೊಟ್ಟಿಗಿಂತ ಐದು ಪಟ್ಟು ಬಿಗಿಯಾಗುತ್ತದೆ. ಪಕ್ಕದಲ್ಲಿ ಅದೇ ನೀರು ತುಂಬಿದ, ಬಿಲ್ಲೆಯಿಲ್ಲದ ಇನ್ನೊಂದು ಪಾತ್ರೆ ಇರಲೇಬೇಕು. ನೀರಿನ ಗುಣ ತಾನಾಗಿಯೂ ಬದಲಾಗುವುದರಿಂದ, ಈ ಹೋಲಿಕೆಯ ಪಾತ್ರೆಯಿಲ್ಲದೆ ಕಂಡ ಬದಲಾವಣೆಯನ್ನು ಬಿಲ್ಲೆಯ ತಲೆಗೆ ಕಟ್ಟುವಂತಿಲ್ಲ.

ಯಾವ ನೀರನ್ನು ಬಳಸಲಾಗುತ್ತದೆ ಎಂಬುದೂ ಮುಖ್ಯ. ಕರ್ನಾಟಕದ ಬಯಲುಸೀಮೆಯ ಅನೇಕ ಕಡೆ ಸಿಗುವ ಗಡಸಾದ ಬೋರ್‌ವೆಲ್ ನೀರಿನಲ್ಲಿ ಬೈಕಾರ್ಬನೇಟ್ ಹೇರಳವಾಗಿದ್ದು, ಅದು ಸಿಮೆಂಟಿನಿಂದ ಬಂದ ಸುಣ್ಣದೊಡನೆ ವರ್ತಿಸಿ ಪಿಎಚ್ ಏರಿಕೆಯನ್ನು ತಕ್ಕಮಟ್ಟಿಗೆ ಮರೆಮಾಚುತ್ತದೆ. ಆರ್‌ಒ ನೀರಿಗೆ ಸ್ವಲ್ಪ ನಲ್ಲಿ ನೀರು ಬೆರೆಸಿ ಪಡೆದ ಮೆದು ನೀರಿನಲ್ಲಿ ಚಿಕ್ಕ ಸೋರಿಕೆಯೂ ಬಯಲಾಗುತ್ತದೆ. ಎರಡೂ ಪಾತ್ರೆಗಳ ಪಿಎಚ್, ಗಡಸುತನ ಮತ್ತು ಒಟ್ಟು ಕರಗಿದ ಲವಣಾಂಶವನ್ನು ತೋರಿಸುವ ಟಿಡಿಎಸ್ ಅಂಕಿಗಳನ್ನು ದಿನವೂ ಬರೆದಿಡಬೇಕು.

ಸಿಮೆಂಟಿನ ಹಿನ್ನೆಲೆಯನ್ನು ಕೆಲವು ವಾರ ನೆನೆಹಾಕಿ ಆಗಾಗ ನೀರು ಚೆಲ್ಲುವುದು ರೂಢಿ. ಆದರೆ ನೀರು ಬದಲಿಸುತ್ತಿರುವಾಗ ಪಿಎಚ್ ಕಡಿಮೆ ತೋರಿಸುವುದು ಸಹಜವಾಗಿರುವುದರಿಂದ, ತೀರ್ಪು ಕೊಡುವ ಕೊನೆಯ ಹಂತದಲ್ಲಿ ಒಂದು ವಾರ ನೀರನ್ನು ಬದಲಿಸದೆ ಬಿಟ್ಟು, ಎರಡು ಪಾತ್ರೆಗಳ ಅಂಕಿಗಳು ಹೊಂದುತ್ತವೆಯೇ ಎಂದು ನೋಡಬೇಕು. ವಿನೆಗರಿನಲ್ಲಿ ತೊಳೆದರೆ ಮೇಲ್ಮೈಯ ಸುಣ್ಣ ಮಾತ್ರ ಹೋಗುತ್ತದೆ. ಒಳಗಿನದು ನಿಧಾನವಾಗಿ ಹೊರಬರುತ್ತಲೇ ಇರುವುದರಿಂದ ತೊಳೆದ ಕೂಡಲೇ ಸಿಕ್ಕ ಅಂಕಿ ದಾರಿ ತಪ್ಪಿಸುತ್ತದೆ.

ಈ ಅಳತೆಗಳೆಲ್ಲ ಸರಿಯಿದ್ದರೂ ದ್ರಾವಕಗಳು, ಬೂಷ್ಟುನಾಶಕಗಳು, ಎಪಾಕ್ಸಿಯ ಶೇಷಗಳು ಅಂಗಡಿಯಲ್ಲಿ ಸಿಗುವ ಸಾಮಾನ್ಯ ಕಿಟ್‌ಗಳಿಗೆ ಸಿಗುವುದಿಲ್ಲ. ಇಂಥ ಸಂದರ್ಭಕ್ಕೆಂದೇ ಪ್ರಯೋಗಾಲಯಗಳಲ್ಲಿ ಜೀವಿಪರೀಕ್ಷೆಯ ಪದ್ಧತಿ ಬೆಳೆದಿದ್ದು, ಅಂತರರಾಷ್ಟ್ರೀಯ ಮಾನಕಗಳಲ್ಲಿ ಸೀಗಡಿಯ ದೂರದ ಬಂಧುವಾದ ಡಾಫ್ನಿಯಾ ಎಂಬ ಪುಟ್ಟ ಜಲಜೀವಿಯನ್ನು 48 ಗಂಟೆ, ಮೀನನ್ನು 96 ಗಂಟೆ ಪರೀಕ್ಷಾ ನೀರಿನಲ್ಲಿಟ್ಟು ಗಮನಿಸಲಾಗುತ್ತದೆ. ಮನೆಯಲ್ಲಿ ಮೀನನ್ನು ಈ ಕೆಲಸಕ್ಕೆ ಬಳಸಬೇಕಾಗಿಲ್ಲ. ಕ್ಲೋರಿನ್ ಕಳೆದ ನೀರಿನ ಎರಡು ಪಾತ್ರೆಗಳಲ್ಲಿ ಸಮಸಂಖ್ಯೆಯ ಡಾಫ್ನಿಯಾಗಳನ್ನು ಬಿಟ್ಟರೆ, ಬಿಲ್ಲೆಯಿರುವ ಕಡೆ ಮಾತ್ರ ಅವು ಈಜು ನಿಲ್ಲಿಸಿ ತಳಕ್ಕಿಳಿಯುವುದು ಎಚ್ಚರಿಕೆಯ ಸ್ಪಷ್ಟ ಸೂಚನೆಯಾಗುತ್ತದೆ.

ರಾಸಾಯನಿಕ ಪರೀಕ್ಷೆಯಲ್ಲಿ ಗೆದ್ದ ಹಿನ್ನೆಲೆ ಭೌತಿಕವಾಗಿ ಸೋಲಬಹುದು. ಥರ್ಮಾಕೋಲಿನಲ್ಲಿ ಬಹುಪಾಲು ಗಾಳಿಯೇ ಇರುವುದರಿಂದ ಮುಳುಗಿದ 10 ಲೀಟರ್ ಗಾತ್ರದ ತುಂಡನ್ನು ನೀರು ಸುಮಾರು 10 ಕಿಲೋಗ್ರಾಂ ತೂಕದಷ್ಟು ಬಲದಿಂದ ಮೇಲೆ ತಳ್ಳುತ್ತದೆ. ಅಂಟು ಬಿಟ್ಟರೆ ಅದು ದಿಢೀರನೆ ಮೇಲೇಳುತ್ತದೆ. ಹಿನ್ನೆಲೆಗೂ ಗಾಜಿಗೂ ನಡುವೆ ಸಂದು ಉಳಿದರೆ ಅಲ್ಲಿ ನೀರು ನಿಂತು ಕಸ ಕೊಳೆಯುತ್ತದೆ, ಸಣ್ಣ ಮೀನು ಸಿಕ್ಕಿಕೊಳ್ಳುತ್ತದೆ.

ಹೀಗೆ ಪಡೆದ ಫಲಿತಾಂಶ ಆ ಸಿಮೆಂಟು, ಆ ಬಣ್ಣ, ಆ ಮಿಶ್ರಣ ಮತ್ತು ಒಣಗಲು ಕೊಟ್ಟ ಆ ಕಾಲಾವಧಿಗೆ ಮಾತ್ರ ಅನ್ವಯಿಸುತ್ತದೆ. ಇವುಗಳಲ್ಲಿ ಒಂದು ಬದಲಾದರೂ ಹೊಸ ಬಿಲ್ಲೆ ಮಾಡಿ ಪರೀಕ್ಷೆಯನ್ನು ಮೊದಲಿನಿಂದ ನಡೆಸಬೇಕು.