ಉಸಿರಿನ ದಾರಿಯಲ್ಲಿ ಹಿಮ

ಮುರ್ಡೇಶ್ವರದ ಎದುರಿನ ನೇತ್ರಾಣಿ ದ್ವೀಪದಲ್ಲಿ ಸ್ಕೂಬಾ ಕಲಿತ ಓದುಗರೊಬ್ಬರು ಒಂದು ಒಳ್ಳೆಯ ಪ್ರಶ್ನೆ ಕಳಿಸಿದ್ದಾರೆ. ಅವರಿಗೆ ಸ್ವಂತಕ್ಕೊಂದು ರೆಗ್ಯುಲೇಟರ್, ಅಂದರೆ ಸಿಲಿಂಡರಿನ ಗಾಳಿಯನ್ನು ಉಸಿರಿಗೆ ಒಗ್ಗಿಸಿ ಕೊಡುವ ಸಾಧನ, ಬೇಕಾಗಿದೆ. ಅದು ನೇತ್ರಾಣಿಗೂ ಆಗಬೇಕು, ಮುಂದೆ ಐಸ್‌ಲ್ಯಾಂಡಿನ ಸಿಲ್ಫ್ರಾ ಬಿರುಕಿಗೆ ಇಳಿಯುವ ಆಸೆ ಕೈಗೂಡಿದರೆ ಅಲ್ಲಿಗೂ ಆಗಬೇಕು. ‘ಚಳಿ ನೀರಿನಲ್ಲಿ ರೆಗ್ಯುಲೇಟರ್ ಹೆಪ್ಪುಗಟ್ಟಿ ಆಕ್ಸಿಜನ್ ನಿಂತುಹೋಗುತ್ತದಂತೆ, ನಿಜವೇ?’ ಎಂದೂ ಕೇಳಿದ್ದಾರೆ.

ಆ ಒಂದು ವಾಕ್ಯದಲ್ಲಿ ಎರಡು ತಪ್ಪು ತಿಳಿವಳಿಕೆಗಳಿವೆ. ಮೊದಲನೆಯದನ್ನು ಬಿತ್ತಿದ್ದು ನಮ್ಮ ಸುದ್ದಿಮಾಧ್ಯಮಗಳೇ. ಸ್ಕೂಬಾ ಸುದ್ದಿ ಬಂದಾಗಲೆಲ್ಲ ‘ಬೆನ್ನಿಗೆ ಆಕ್ಸಿಜನ್ ಸಿಲಿಂಡರ್ ಕಟ್ಟಿಕೊಂಡು’ ಎಂದು ಬರೆಯುವುದನ್ನು ದಯವಿಟ್ಟು ನಿಲ್ಲಿಸಬೇಕು. ಸಿಲಿಂಡರಿನಲ್ಲಿ ಸಾಮಾನ್ಯವಾಗಿ ಇರುವುದು ನಾವು ಸದಾ ಉಸಿರಾಡುವ ಗಾಳಿಯೇ. ಅದನ್ನು ಸೋಸಿ, ತೇವ ತೆಗೆದು, 200 ಬಾರ್ ಒತ್ತಡದಲ್ಲಿ ತುಂಬಿರುತ್ತಾರೆ. ಶುದ್ಧ ಆಕ್ಸಿಜನ್ ಉಸಿರಾಡುತ್ತ ಆರೇಳು ಮೀಟರಿಗಿಂತ ಕೆಳಗಿಳಿದರೆ ಅದೇ ನರಮಂಡಲಕ್ಕೆ ವಿಷವಾಗಿ ಸೆಳವು ಬರಬಹುದು. ನೀರಿನಡಿ ಸೆಳವು ಬಂದವರು ಬದುಕಿ ಬರುವುದು ಕಷ್ಟ.

ಎರಡನೆಯ ತಪ್ಪು ನನಗೆ ಪ್ರಿಯವಾದದ್ದು, ಏಕೆಂದರೆ ಅದನ್ನು ಬಿಡಿಸುವಾಗ ಇಡೀ ಯಂತ್ರದ ಚಂದ ಕಾಣುತ್ತದೆ. ಹೆಪ್ಪುಗಟ್ಟಿದ ರೆಗ್ಯುಲೇಟರಿನಲ್ಲಿ ಸಾಮಾನ್ಯವಾಗಿ ಗಾಳಿ ನಿಲ್ಲುವುದಿಲ್ಲ. ನಿಲ್ಲಿಸಲಾಗದಂತೆ ಭೋರ್ಗರೆದು ಬರುತ್ತದೆ!

ಹಿಮ ಎಲ್ಲಿಂದ ಬರುತ್ತದೆ ಎಂಬುದನ್ನು ಮೊದಲು ನೋಡೋಣ. ಸಿಲಿಂಡರಿನ ಬಾಯಿಗೆ ಕೂರುವ, ರೆಗ್ಯುಲೇಟರಿನ ಮೊದಲ ಭಾಗವಾದ ಫಸ್ಟ್ ಸ್ಟೇಜ್ 200 ಬಾರ್ ಗಾಳಿಯನ್ನು, ಸುತ್ತಲಿನ ನೀರಿನ ಒತ್ತಡಕ್ಕಿಂತ ಸುಮಾರು 10 ಬಾರ್ ಮಾತ್ರ ಹೆಚ್ಚಿರುವಂತೆ ಇಳಿಸುತ್ತದೆ. ಬಾಯಲ್ಲಿ ಕಚ್ಚಿಕೊಳ್ಳುವ ಸೆಕೆಂಡ್ ಸ್ಟೇಜ್ ಅದನ್ನು ಉಸಿರೆಳೆದಾಗ ಮಾತ್ರ, ಉಸಿರಿಗೆ ಹಿತವಾಗುವಷ್ಟು ಇಳಿಸಿ ಕೊಡುತ್ತದೆ. ಒತ್ತಿಟ್ಟ ಗಾಳಿ ಹೀಗೆ ಹಿಗ್ಗಿದಾಗ ತಣ್ಣಗಾಗುತ್ತದೆ. ಸೈಕಲ್ ಟ್ಯೂಬಿನ ಗಾಳಿ ಬಿಡುವಾಗ ಬೆರಳಿಗೆ ತಂಪು ತಾಗುತ್ತದಲ್ಲ, ಅದೇ ನಿಯಮ. ಆದರೆ ಇಲ್ಲಿ ಒತ್ತಡದ ಇಳಿತ ಎಷ್ಟು ದೊಡ್ಡದೆಂದರೆ ಗಾಳಿಯ ಉಷ್ಣತೆ ಒಂದೇ ಜಿಗಿತಕ್ಕೆ ಸುಮಾರು 30 ಡಿಗ್ರಿ ಕುಸಿಯಬಲ್ಲದು. ನೇತ್ರಾಣಿಯ ಬೆಚ್ಚನೆಯ ನೀರಿನಲ್ಲೂ ಇದು ಪ್ರತಿ ಉಸಿರಿಗೂ ನಡೆಯುತ್ತಲೇ ಇರುತ್ತದೆ. ಸುತ್ತಲಿನ ಸಮುದ್ರ ಹಿತ್ತಾಳೆಯ ಒಡಲಿಗೆ ಕ್ಷಣಕ್ಷಣಕ್ಕೂ ಶಾಖ ತುಂಬುವುದರಿಂದ ನಮಗೆ ತಿಳಿಯುವುದಿಲ್ಲ. ಸಿಲ್ಫ್ರಾದಲ್ಲಿ ಹಿಮನದಿ ಕರಗಿ ಬಂದ ಸಿಹಿನೀರು, ವರ್ಷವಿಡೀ 2ರಿಂದ 4 ಡಿಗ್ರಿ. ಆ ನೀರಿನ ಬಳಿ ಕೊಡಲು ಹೆಚ್ಚು ಶಾಖವಿಲ್ಲ. ಜೊತೆಗೆ ಸಿಹಿನೀರು ಸೊನ್ನೆ ಡಿಗ್ರಿಗೇ ಹೆಪ್ಪುಗಟ್ಟುತ್ತದೆ, ಸಮುದ್ರದ ನೀರಿನಂತೆ ಮೈನಸ್ 1.9ರವರೆಗೆ ಕಾಯುವುದಿಲ್ಲ.

ಆಗ ಫಸ್ಟ್ ಸ್ಟೇಜಿನ ಸ್ಪ್ರಿಂಗ್ ಸುತ್ತ ನಿಂತ ನೀರು ಹಿಮವಾಗಿ ಕವಾಟ ಮುಚ್ಚದಂತೆ ಹಿಡಿಯುತ್ತದೆ. ಇಲ್ಲವೇ ನಮ್ಮದೇ ಉಸಿರಿನ ತೇವ ಸೆಕೆಂಡ್ ಸ್ಟೇಜಿನ ಪುಟ್ಟ ಸನ್ನೆಗೆ ಹಿಮವಾಗಿ ಅಂಟುತ್ತದೆ. ಫಸ್ಟ್ ಸ್ಟೇಜ್ ಮುಚ್ಚದೇ ಹೋದರೆ ಕೊಳವೆಯಲ್ಲಿ ಒತ್ತಡ ಏರಿ, ಸೆಕೆಂಡ್ ಸ್ಟೇಜಿನ ಕವಾಟವನ್ನು ತಾನೇ ತಳ್ಳಿ ತೆರೆಯುತ್ತದೆ. ಈ ಕವಾಟವನ್ನು ಬೇಕೆಂದೇ ಹಾಗೆ ಕೂರಿಸಿದ್ದಾರೆ: ಕೆಟ್ಟರೆ ತೆರೆದುಕೊಂಡೇ ಕೆಡಬೇಕು, ಉಸಿರು ಕಟ್ಟಬಾರದು. ಇಷ್ಟು ದೂರ ಯೋಚಿಸಿದವರ ಬಗ್ಗೆ ನನಗೆ ಅಪಾರ ಗೌರವ. ಆದರೆ ಹೆಚ್ಚು ಗಾಳಿ ಹರಿದಷ್ಟೂ ಚಳಿ ಹೆಚ್ಚುತ್ತದೆ, ಚಳಿ ಹೆಚ್ಚಿದಷ್ಟೂ ಹಿಮ ಬಿಗಿಯುತ್ತದೆ. 12 ಲೀಟರಿನ ಸಿಲಿಂಡರಿನಲ್ಲಿದ್ದ 2400 ಲೀಟರ್ ಗಾಳಿ ಕೆಲವೇ ನಿಮಿಷಗಳಲ್ಲಿ ಗುಳ್ಳೆಯಾಗಿ ಮೇಲೇರಿಬಿಡುತ್ತದೆ. ಡೈವರ್‌ಗಳು ಇದನ್ನು ಫ್ರೀ ಫ್ಲೋ ಎನ್ನುತ್ತಾರೆ.

ಈ ಯಂತ್ರದ ಆಧುನಿಕ ರೂಪ ಹುಟ್ಟಿದ್ದು 1943ರ ಫ್ರಾನ್ಸಿನಲ್ಲಿ. ಯುದ್ಧಕಾಲದಲ್ಲಿ ಪೆಟ್ರೋಲ್ ಸಿಗದೆ ಕಾರುಗಳನ್ನು ಅನಿಲದಿಂದ ಓಡಿಸಲು ಎಮಿಲ್ ಗಾನ್ಯಾನ್ ಎಂಬ ಎಂಜಿನಿಯರ್ ರೂಪಿಸಿದ್ದ ಕವಾಟವನ್ನು, ಅವರೂ ನೌಕಾಪಡೆಯ ಜಾಕ್ ಕೂಸ್ತೋ ಅವರೂ ಸೇರಿ ಮನುಷ್ಯನ ಉಸಿರಿಗೆ ಒಗ್ಗಿಸಿದರು. ಎಂಜಿನ್ ಕೇಳಿದಷ್ಟೇ ಅನಿಲ ಕೊಡುತ್ತಿದ್ದ ಕವಾಟ, ಶ್ವಾಸಕೋಶ ಕೇಳಿದಷ್ಟೇ ಗಾಳಿ ಕೊಡತೊಡಗಿತು!

ಇನ್ನು ಕೊಳ್ಳುವ ಮಾತು. ಚಳಿ ನೀರಿಗೆಂದು ಮಾಡಿದ ರೆಗ್ಯುಲೇಟರ್ ಬೆಚ್ಚನೆಯ ನೀರಿನಲ್ಲಿ ಧಾರಾಳವಾಗಿ ನಡೆಯುತ್ತದೆ; ಬೆಚ್ಚನೆಯ ನೀರಿನದನ್ನು ಸಿಲ್ಫ್ರಾಕ್ಕೆ ಒಯ್ಯಬಾರದು. ಯುರೋಪಿನ ಇಎನ್ 250 ಮಾನದಂಡದ ಪ್ರಕಾರ 10 ಡಿಗ್ರಿಗಿಂತ ಕೆಳಗಿನದೆಲ್ಲ ಚಳಿ ನೀರು. 4 ಡಿಗ್ರಿ ಅಥವಾ ಅದಕ್ಕೂ ತಣ್ಣನೆಯ ನೀರಿನಲ್ಲಿ, 50 ಮೀಟರ್ ಆಳದ ಒತ್ತಡದಲ್ಲಿ, ನಿಮಿಷಕ್ಕೆ 62.5 ಲೀಟರಿನಂತೆ ಯಂತ್ರದಿಂದ ಉಸಿರಾಡಿಸಿ ಪರೀಕ್ಷಿಸುತ್ತಾರೆ. ಅದರಲ್ಲಿ ಗೆಲ್ಲದವುಗಳ ಮೇಲೆ ‘10 ಡಿಗ್ರಿಗಿಂತ ಮೇಲೆ’ ಎಂಬ ಗುರುತಿರುತ್ತದೆ. ಅಂಗಡಿಯಲ್ಲಿ ಬಣ್ಣ ನೋಡುವ ಮೊದಲು ಈ ಗುರುತು ಇಲ್ಲವೆಂದು ಖಚಿತಪಡಿಸಿಕೊಳ್ಳಿ.

ಫಸ್ಟ್ ಸ್ಟೇಜಿಗೆ ನನ್ನ ಸಲಹೆ, ಬಾಗುವ ಪೊರೆಯಿಂದ ಕವಾಟ ನಡೆಸುವ ಬ್ಯಾಲೆನ್ಸ್ಡ್ ಡಯಾಫ್ರಮ್ ಮಾದರಿ, ಅದರಲ್ಲೂ ಸ್ಪ್ರಿಂಗಿನ ಕೋಣೆಗೆ ನೀರು ನುಗ್ಗದಂತೆ ಮುಚ್ಚಿದ್ದು. ಸಾದಾ ಪಿಸ್ಟನ್ ಮಾದರಿಯಲ್ಲಿ ಸ್ಪ್ರಿಂಗ್ ನೀರಿನಲ್ಲೇ ಇರುತ್ತದೆ. ಅದು ಗಟ್ಟಿ, ಸರಳ, ರಿಪೇರಿಯೂ ಸುಲಭ. ನೇತ್ರಾಣಿ, ಅಂಡಮಾನ್, ಲಕ್ಷದ್ವೀಪಗಳಾಚೆ ಹೋಗದವರಿಗೆ ಅದೇ ಸಾಕು, ದುಡ್ಡೂ ಉಳಿಯುತ್ತದೆ. ಸೆಕೆಂಡ್ ಸ್ಟೇಜಿನಲ್ಲಿ ಲೋಹದ ಭಾಗ ಹೆಚ್ಚಿದ್ದರೆ ಒಳ್ಳೆಯದು, ನೀರಿನಲ್ಲಿ ಉಳಿದಿರುವ ಅಲ್ಪ ಶಾಖವನ್ನೂ ನಮ್ಮ ಉಸಿರಿನ ಬಿಸಿಯನ್ನೂ ಅದು ಹಿಡಿದು ಕವಾಟಕ್ಕೆ ಮುಟ್ಟಿಸುತ್ತದೆ. ಸಿಲಿಂಡರಿಗೆ ಸೇರುವ ಜೋಡಣೆ ಡಿನ್ (ತಿರುಪಿ ಕೂರಿಸುವ) ಮಾದರಿಯದಿರಲಿ. ಯುರೋಪಿನಲ್ಲಿ ಅದೇ ರೂಢಿ, ನಮ್ಮಲ್ಲಿನ ಯೋಕ್ (ಹೊರಗಿನಿಂದ ಬಿಗಿಯುವ) ಜೋಡಣೆಯ ಸಿಲಿಂಡರಿಗೆ ಒಂದು ಸಣ್ಣ ಅಡಾಪ್ಟರ್ ಸಾಕು. ಎಲ್ಲಕ್ಕಿಂತ ಮೊದಲು, ನಿಮ್ಮೂರಲ್ಲಿ ಯಾವ ಕಂಪನಿಯದಕ್ಕೆ ಸರ್ವಿಸ್ ಮಾಡುವವರಿದ್ದಾರೆ ಎಂದು ವಿಚಾರಿಸಿ.

ಎಷ್ಟೇ ಒಳ್ಳೆಯದನ್ನು ಕೊಂಡರೂ ಹಿಮದ ಅಪಾಯ ಕಡಿಮೆಯಾಗುತ್ತದೆಯೇ ಹೊರತು ಇಲ್ಲವಾಗುವುದಿಲ್ಲ. ಅಂಟಾರ್ಕ್ಟಿಕಾದ ಮ್ಯಾಕ್‌ಮರ್ಡೋದಲ್ಲಿ ಮೈನಸ್ 1.8 ಡಿಗ್ರಿ ನೀರಿಗಿಳಿಯುವ ವಿಜ್ಞಾನಿಗಳು ಎರಡು ಪ್ರತ್ಯೇಕ ರೆಗ್ಯುಲೇಟರ್ ಒಯ್ಯುತ್ತಾರೆ, ಅವನ್ನು ಕೊನೆಯ ಕ್ಷಣದವರೆಗೂ ಬೆಚ್ಚಗಿಡುತ್ತಾರೆ, ಮುಖ ನೀರಲ್ಲಿ ಮುಳುಗುವ ತನಕ ಅವುಗಳಿಂದ ಒಂದು ಉಸಿರೂ ಎಳೆಯುವುದಿಲ್ಲ. ಸಿಲ್ಫ್ರಾಕ್ಕೆ ಹೊರಡುವ ಮೊದಲು ಈಜುಕೊಳದಲ್ಲಿ, ತರಬೇತುದಾರರ ಎದುರು, ಭೋರ್ಗರೆಯುವ ರೆಗ್ಯುಲೇಟರಿನಿಂದ ಉಸಿರಾಡುವುದನ್ನು ಮತ್ತೆ ಅಭ್ಯಾಸ ಮಾಡಿ: ಮೌತ್‌ಪೀಸನ್ನು ಪೂರ್ತಿ ಕಚ್ಚದೆ, ತುಟಿಯ ಒಂದು ಬದಿಯಿಂದ ಹೆಚ್ಚಿನ ಗಾಳಿ ಹೊರಹೋಗಲು ಬಿಟ್ಟು, ಬೇಕಾದಷ್ಟನ್ನೇ ಹೀರುತ್ತ, ಜೊತೆಗಾರರೊಂದಿಗೆ ನಿಧಾನವಾಗಿ ಮೇಲೇರುವುದು.