ಕಾಲೇಜಿನ ಪುಸ್ತಕಾಲಯವೂ ಅಲ್ಲಿನ ಎರವಲಿನ ನಿಯಮಗಳೂ



ಪ್ರತಿವರ್ಷವೂ ಹತ್ತನೆಯ ತರಗತಿಯ ಫಲಿತಾಂಶವು ಪ್ರಕಟವಾದ ಬಳಿಕ ನಮ್ಮ ಬಾಲಿಕೆಯರು ಈ ಶಾಲೆಯನ್ನು ಬಿಟ್ಟು ಕಾಲೇಜುಗಳನ್ನು ಸೇರುತ್ತಾರೆ. ಇಲ್ಲಿ ಅವರು ಕಂಡ ಪುಸ್ತಕಾಲಯವೆಂದರೆ ಗಾಜಿನ ಬಾಗಿಲಿನ ನಾಲ್ಕಾರು ಬೀರುಗಳು. ವಾರಕ್ಕೊಮ್ಮೆ ಉಪಾಧ್ಯಾಯಿನಿಯರು ತಾವೇ ಬೀಗ ತೆಗೆದು, ಹುಡುಗಿಯ ವಯಸ್ಸನ್ನೂ ಅಭಿರುಚಿಯನ್ನೂ ನೋಡಿ, ಪುಸ್ತಕವನ್ನು ಕೈಗೆ ಕೊಡುತ್ತಾರೆ. ಅಲ್ಲಿಯಾದರೋ ಸಾಲುಸಾಲಾಗಿ ಕಪಾಟುಗಳು, ಸಾವಿರಾರು ಗ್ರಂಥಗಳು, ಮೇಜಿನ ಹಿಂದೆ ಅಪರಿಚಿತ ಮುಖಗಳು, ಗೋಡೆಯ ಮೇಲೆ ನಿಯಮಗಳ ಉದ್ದವಾದ ಪಟ್ಟಿ. ಈ ವ್ಯತ್ಯಾಸವು ಕೆಲವರಲ್ಲಿ ಕುತೂಹಲವನ್ನು ಹುಟ್ಟಿಸಿದರೆ ಮತ್ತೆ ಕೆಲವರಲ್ಲಿ ಅಂಜಿಕೆಯನ್ನು ಹುಟ್ಟಿಸುವುದುಂಟು.

ಕೆಲವು ಕಾಲದ ಹಿಂದೆ ನಮ್ಮನ್ನು ಕಾಣಲು ಬಂದ ಹಳೆಯ ವಿದ್ಯಾರ್ಥಿನಿಯೊಬ್ಬಳು ಹೇಳಿದ ಸಂಗತಿಯೇ ಈ ಲೇಖನಕ್ಕೆ ಕಾರಣ. ಆಕೆ ಕಾಲೇಜು ಸೇರಿದ ಮೊದಲ ವರ್ಷದಲ್ಲಿ ಪುಸ್ತಕಾಲಯದಿಂದ ಒಂದೇ ಒಂದು ಗ್ರಂಥವನ್ನೂ ಮನೆಗೆ ತರಲಿಲ್ಲ. "ಕಳೆದು ಹೋದರೆ ದಂಡ ಕಟ್ಟುವವರು ಯಾರು ಮಗಳೇ? ಅಲ್ಲಿಯೇ ಕುಳಿತು ಓದಿ ಬಾ" ಎಂದು ತಂದೆಯವರು ಹೇಳಿದ್ದರಂತೆ. ಆದರೆ ಊರಿಗೆ ಹೋಗುವ ಕಡೆಯ ಬಸ್ಸು ನಾಲ್ಕು ಗಂಟೆಗೇ ಹೊರಡುತ್ತಿದ್ದುದರಿಂದ ಅಲ್ಲಿ ಕುಳಿತು ಓದುವುದೂ ಕೂಡಿಬರಲಿಲ್ಲ. ಗೆಳತಿಯರ ಟಿಪ್ಪಣಿಗಳನ್ನು ಬರೆದುಕೊಂಡು ಹೇಗೋ ತೇರ್ಗಡೆಯಾದಳು. "ಆ ವರ್ಷ ನಾನು ಓದಲಿಲ್ಲ ಟೀಚರ್, ಬರೀ ನಕಲು ಮಾಡಿದೆ" ಎಂದು ಆಕೆ ಹೇಳಿದಾಗ ನಮಗೆ ವ್ಯಸನವಾಯಿತು. ತಂದೆಯವರ ಮಾತಿನಲ್ಲಿ ತಪ್ಪೇನೂ ಇರಲಿಲ್ಲ. ಕೂಲಿಯಿಂದ ಬದುಕುವ ಮನೆಗೆ ಅನಿರೀಕ್ಷಿತವಾದ ಖರ್ಚು ಭಾರವೇ ಸರಿ. ಆದರೆ ಆ ನಿಯಮಗಳು ಯಾರಿಗೋಸ್ಕರ ಏರ್ಪಟ್ಟಿವೆಯೆಂಬುದನ್ನು ಆ ಮನೆಯವರಿಗೆ ಯಾರೂ ತಿಳಿಸಿರಲಿಲ್ಲ. ಆ ಕೆಲಸವನ್ನು ಇಲ್ಲಿ ನಾವು ಮಾಡಲು ಯತ್ನಿಸುತ್ತೇವೆ.

ಒಂದು ಕಾಲದಲ್ಲಿ ಗ್ರಂಥಗಳನ್ನು ಜನರಿಂದ ಕಾಪಾಡುವುದೇ ಪುಸ್ತಕಾಲಯದ ಮುಖ್ಯ ಕರ್ತವ್ಯವಾಗಿತ್ತು. ಮುದ್ರಣವು ಬಳಕೆಗೆ ಬರುವ ಮೊದಲು ಒಂದು ಗ್ರಂಥವನ್ನು ಕೈಯಿಂದ ಪ್ರತಿಮಾಡಲು ತಿಂಗಳುಗಳೇ ಹಿಡಿಯುತ್ತಿದ್ದವು. ಆದಕಾರಣ ಯೂರೋಪಿನ ಅನೇಕ ಕಡೆಗಳಲ್ಲಿ ಪುಸ್ತಕಗಳನ್ನು ಕಬ್ಬಿಣದ ಸರಪಣಿಯಿಂದ ಕಪಾಟಿಗೆ ಬಿಗಿಯುತ್ತಿದ್ದರು. ಇಂಗ್ಲೆಂಡಿನ ಹೆರಿಫರ್ಡ್ ಪಟ್ಟಣದ ಕತೀಡ್ರಲಿನಲ್ಲಿ ಇಂಥ ಸರಪಣಿಯ ಪುಸ್ತಕಾಲಯವನ್ನು ಇಂದಿಗೂ ಕಾಣಬಹುದು. ನಮ್ಮ ದೇಶದಲ್ಲಿಯೂ ಓಲೆಯ ಗ್ರಂಥಗಳನ್ನು ಬಟ್ಟೆಯಲ್ಲಿ ಸುತ್ತಿ ಪೆಟ್ಟಿಗೆಯಲ್ಲಿಡುತ್ತಿದ್ದರು. ಪರರ ಕೈ ಸೇರಿದ ಪುಸ್ತಕವು ಹಿಂದಿರುಗಿ ಬಾರದೆಂದು ಹಿರಿಯರು ಎಚ್ಚರಿಸುತ್ತಿದ್ದರು. 'ಕೊಟ್ಟವ ಕೋಡಂಗಿ, ಇಸಕೊಂಡವ ವೀರಭದ್ರ' ಎಂಬ ಗಾದೆಯೂ ನಮ್ಮಲ್ಲಿ ಉಂಟಷ್ಟೆ.

ಈ ಮನೋಭಾವವನ್ನು ನಮ್ಮ ದೇಶದಲ್ಲಿ ಬದಲಾಯಿಸಿದವರಲ್ಲಿ ಎಸ್. ಆರ್. ರಂಗನಾಥನ್ ಅವರು (1892–1972) ಅಗ್ರಗಣ್ಯರು. ಅವರು ಮದರಾಸಿನ ಕ್ರಿಶ್ಚಿಯನ್ ಕಾಲೇಜಿನಲ್ಲಿ ಗಣಿತಶಾಸ್ತ್ರವನ್ನು ಅಭ್ಯಾಸಮಾಡಿ, 1917ರಲ್ಲಿ ಮಂಗಳೂರಿನ ಸರಕಾರಿ ಕಾಲೇಜಿನಲ್ಲಿ ಅಧ್ಯಾಪಕರಾದರು. 1924ರಲ್ಲಿ ಮದರಾಸು ವಿಶ್ವವಿದ್ಯಾಲಯದ ಗ್ರಂಥಪಾಲಕರಾಗಿ ನೇಮಿಸಲ್ಪಟ್ಟು, 1931ರಲ್ಲಿ ಪುಸ್ತಕಾಲಯದ ಧರ್ಮವನ್ನು ಐದು ಸೂತ್ರಗಳಲ್ಲಿ ನಿರೂಪಿಸಿದರು. ಅವುಗಳ ತಾತ್ಪರ್ಯವಿಷ್ಟು: ಗ್ರಂಥವಿರುವುದು ಬಳಕೆಗಾಗಿ, ಓದಲಪೇಕ್ಷಿಸುವ ಪ್ರತಿಯೊಬ್ಬರಿಗೂ ತಕ್ಕ ಗ್ರಂಥವು ದೊರೆಯಬೇಕು, ಪ್ರತಿಯೊಂದು ಗ್ರಂಥಕ್ಕೂ ತಕ್ಕ ಓದುಗರು ದೊರೆಯಬೇಕು, ಓದುಗರ ಕಾಲವು ವ್ಯರ್ಥವಾಗಕೂಡದು, ಪುಸ್ತಕಾಲಯವು ಸದಾ ಬೆಳೆಯುತ್ತಿರತಕ್ಕದ್ದು. ಮುಂದೆ 1962ರಲ್ಲಿ ಅವರು ಬೆಂಗಳೂರಿನಲ್ಲಿ ಈ ಶಾಸ್ತ್ರದ ಸಂಶೋಧನೆಗೂ ಶಿಕ್ಷಣಕ್ಕೂ ಒಂದು ಕೇಂದ್ರವನ್ನು ಸ್ಥಾಪಿಸಿ, ಅದೇ ನಗರದಲ್ಲಿ ತಮ್ಮ ಕೊನೆಯ ದಿನಗಳನ್ನು ಕಳೆದರು. ಅವರ ಜನ್ಮದಿನವಾದ ಆಗಸ್ಟ್ 12ನೆಯ ತಾರೀಕು ನಮ್ಮ ದೇಶದಲ್ಲಿ ಗ್ರಂಥಪಾಲಕರ ದಿನವಾಗಿ ಆಚರಿಸಲ್ಪಡುತ್ತದೆ. ಕಾಲೇಜಿನ ನಿಯಮಗಳನ್ನು ಓದುವಾಗ ಈ ಐದು ಮಾತುಗಳು ಮನಸ್ಸಿನಲ್ಲಿದ್ದರೆ ಅವುಗಳ ಅರ್ಥವು ಸುಲಭವಾಗಿ ತಿಳಿಯುವುದು.

ಮೊದಲು ಗ್ರಂಥಗಳ ವಿಂಗಡಣೆಯನ್ನು ನೋಡೋಣ. ಎಲ್ಲಾ ಪುಸ್ತಕಗಳೂ ಮನೆಗೆ ಕೊಡಲ್ಪಡುವುದಿಲ್ಲ. ನಿಘಂಟು, ವಿಶ್ವಕೋಶ, ಭೂಪಟಗಳಂಥ ಆಕರಗ್ರಂಥಗಳನ್ನು ಅಲ್ಲಿಯೇ ಕುಳಿತು ನೋಡತಕ್ಕದ್ದು. ಉದಾಹರಣೆಗೆ, 1894ರಲ್ಲಿ ಮಂಗಳೂರಿನ ಬಾಸೆಲ್ ಮಿಶನ್ ಮುದ್ರಣಾಲಯದಿಂದ ಹೊರಟ ಕಿಟ್ಟೆಲರ ಕನ್ನಡ ನಿಘಂಟನ್ನು ಯಾರೂ ಮೊದಲಿನಿಂದ ಕೊನೆಯವರೆಗೆ ಓದುವುದಿಲ್ಲ. ಒಂದು ಶಬ್ದಕ್ಕಾಗಿ ಐದು ನಿಮಿಷ ತೆರೆಯುತ್ತಾರೆ. ಅದನ್ನು ಒಬ್ಬಳು ಹದಿನೈದು ದಿನ ಮನೆಯಲ್ಲಿಟ್ಟುಕೊಂಡರೆ ದಿನಕ್ಕೆ ಹತ್ತಾರು ಮಂದಿ ನಿರಾಶರಾಗುವರು. ಮಾಸಪತ್ರಿಕೆಗಳ ಹೊಸ ಸಂಚಿಕೆಗಳಿಗೂ ಸಾಮಾನ್ಯವಾಗಿ ಇದೇ ಕ್ರಮವು. ಪರೀಕ್ಷೆಗೆ ಅತ್ಯಗತ್ಯವಾಗಿದ್ದು ಪ್ರತಿಗಳು ಕಡಮೆಯಿರುವ ಪಠ್ಯಗಳನ್ನು ಕೆಲವು ಕಾಲೇಜುಗಳಲ್ಲಿ ಪ್ರತ್ಯೇಕವಾಗಿಟ್ಟು, ಸಂಜೆ ಕೊಟ್ಟು ಮರುದಿನ ಬೆಳಿಗ್ಗೆ ಹಿಂದಕ್ಕೆ ಪಡೆಯುತ್ತಾರೆ. ಉಳಿದವೆಲ್ಲವೂ ಎರವಲಿಗೆ ಸಿಗುವಂಥವು.

ಎರವಲು ಪಡೆಯುವ ಕ್ರಮವು ಕಷ್ಟವಾದುದಲ್ಲ. ಕಾಲೇಜಿಗೆ ಸೇರಿದ ಕೂಡಲೆ ಭಾವಚಿತ್ರವನ್ನೂ ಪ್ರವೇಶದ ರಸೀದಿಯನ್ನೂ ಒಯ್ದು ಪುಸ್ತಕಾಲಯದ ಕಾರ್ಡನ್ನು ಮಾಡಿಸಿಕೊಳ್ಳಬೇಕು. ಬೇಕಾದ ಗ್ರಂಥದ ಹೆಸರನ್ನಾಗಲಿ ಗ್ರಂಥಕರ್ತರ ಹೆಸರನ್ನಾಗಲಿ ಸೂಚಿಯಲ್ಲಿ ಹುಡುಕಿದರೆ ಅದರ ಸ್ಥಾನವನ್ನು ತಿಳಿಸುವ ಅಂಕಿಯು ಸಿಗುವುದು. ಅಮೇರಿಕದ ಮೆಲ್ವಿಲ್ ಡ್ಯೂಯಿ ಎಂಬವರು 1876ರಲ್ಲಿ ಪ್ರಕಟಿಸಿದ ದಶಮಾಂಶ ಪದ್ಧತಿಯು ನಮ್ಮ ಕಾಲೇಜುಗಳಲ್ಲಿ ಬಹಳವಾಗಿ ಬಳಕೆಯಲ್ಲಿದೆ. ಅದರಂತೆ ಗಣಿತಕ್ಕೆ 510, ಭಾರತದ ಇತಿಹಾಸಕ್ಕೆ 954, ಕನ್ನಡ ಸಾಹಿತ್ಯಕ್ಕೆ 894.814 ಎಂಬ ಅಂಕಿಗಳು. ಪುಸ್ತಕದ ಬೆನ್ನಿನ ಮೇಲಿನ ಚೀಟಿಯಲ್ಲಿ ಅದೇ ಅಂಕಿಯಿರುವುದು. ಒಂದು ಪುಸ್ತಕವು ಸಿಕ್ಕಿದ ಕಡೆಯಲ್ಲಿ ಅದೇ ವಿಷಯದ ಇತರ ಪುಸ್ತಕಗಳೂ ಪಕ್ಕದಲ್ಲಿಯೇ ಸಿಗುವುದು ಈ ಪದ್ಧತಿಯ ಲಾಭ. ತೆಗೆದ ಪುಸ್ತಕವನ್ನು ತೋಚಿದ ಕಡೆಯಲ್ಲಿ ಇಡದೆ ಮೇಜಿನ ಮೇಲೆಯೇ ಬಿಡಬೇಕೆಂಬ ಸೂಚನೆಗೂ ಇದೇ ಕಾರಣ. ಸ್ಥಾನ ತಪ್ಪಿದ ಪುಸ್ತಕವು ಕಳೆದುಹೋದ ಪುಸ್ತಕಕ್ಕೆ ಸಮಾನ.

ಪುಸ್ತಕವನ್ನು ಮೇಜಿನ ಬಳಿಗೆ ಒಯ್ದಾಗ ಅದನ್ನು ಕಾರ್ಡಿನ ಲೆಕ್ಕಕ್ಕೆ ಬರೆದುಕೊಳ್ಳುತ್ತಾರೆ. ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ನೀನಾ ಬ್ರೌನ್ ಎಂಬ ಅಮೇರಿಕದ ಗ್ರಂಥಪಾಲಕಿಯು ಇದಕ್ಕೊಂದು ಸರಳವಾದ ಉಪಾಯವನ್ನು ಬಳಕೆಗೆ ತಂದರು. ಪುಸ್ತಕದ ಒಳಗಿನ ಚೀಟಿಯನ್ನು ತೆಗೆದು ಓದುಗರ ಚೀಟಿಯ ಪುಟ್ಟ ಜೇಬಿನಲ್ಲಿ ಸೇರಿಸಿ, ಹಿಂದಿರುಗಿಸುವ ತಾರೀಕಿನ ಕ್ರಮದಲ್ಲಿ ಪೆಟ್ಟಿಗೆಯಲ್ಲಿಡುವುದೇ ಆ ಉಪಾಯ. ನಮ್ಮ ಹಳೆಯ ವಿದ್ಯಾರ್ಥಿನಿಯರಲ್ಲಿ ಅನೇಕರು ಆ ಚೀಟಿಗಳನ್ನು ಬಳಸಿದವರೇ. ಈಗ ಬಹುಮಟ್ಟಿಗೆ ಪಟ್ಟೆಗೆರೆಗಳ ಗುರುತನ್ನು ಕಂಪ್ಯೂಟರು ಓದುತ್ತದೆ. ಉಪಕರಣವು ಬದಲಾದರೂ ಯಾರು, ಯಾವ ಪುಸ್ತಕ, ಎಂದಿನವರೆಗೆ ಎಂಬ ಮೂರು ಪ್ರಶ್ನೆಗಳು ಬದಲಾಗಿಲ್ಲ. ತನ್ನ ಕಾರ್ಡನ್ನು ಬೇರೊಬ್ಬರಿಗೆ ಕೊಡಕೂಡದೆಂಬ ನಿಯಮವು ಈ ಮೊದಲ ಪ್ರಶ್ನೆಯಿಂದಲೇ ಬಂದುದು. ಗೆಳತಿಯು ತೆಗೆದ ಪುಸ್ತಕಕ್ಕೂ ಕಾರ್ಡಿನ ಒಡತಿಯೇ ಉತ್ತರ ಹೇಳಬೇಕಾಗುವುದು.

ಇನ್ನು ಎಲ್ಲರೂ ಅಂಜುವ ಅವಧಿಯ ಮತ್ತು ದಂಡದ ವಿಷಯ. ಒಂದು ಲೆಕ್ಕವನ್ನು ಮಾಡಿ ನೋಡೋಣ. ಒಂದು ತರಗತಿಯಲ್ಲಿ 60 ಮಂದಿ ವಿದ್ಯಾರ್ಥಿನಿಯರಿದ್ದಾರೆ. ಅವರಿಗೆಲ್ಲ ಬೇಕಾದ ಒಂದು ಗ್ರಂಥದ 5 ಪ್ರತಿಗಳಿವೆ. ಕಾಲೇಜು ನಡೆಯುವ ದಿನಗಳು 180 ಎಂದಿಟ್ಟುಕೊಳ್ಳೋಣ. ಅವಧಿಯು 15 ದಿನಗಳಾದರೆ ಒಂದು ಪ್ರತಿಯು 12 ಮಂದಿಯ ಕೈಗೆ ಹೋಗುವುದು. ಐದು ಪ್ರತಿಗಳಿಂದ 60 ಮಂದಿಗೂ ಒಂದೊಂದು ಸಾರಿ ದೊರೆಯುವುದು. ಆದರೆ ಪ್ರತಿಯೊಬ್ಬಳೂ 'ಒಂದು ವಾರ ತಾನೇ' ಎಂದು ತಡಮಾಡಿದರೆ ಒಂದು ಪ್ರತಿಯು 8 ಮಂದಿಗೆ ಮಾತ್ರ ಸಿಗುವುದು. ಒಟ್ಟು 40 ಮಂದಿ. ಉಳಿದ 20 ಮಂದಿಗೆ ವರ್ಷವಿಡೀ ಆ ಗ್ರಂಥದ ದರ್ಶನವೇ ಇಲ್ಲ. ಯಾರೂ ಕದಿಯಲಿಲ್ಲ, ಯಾರೂ ಹರಿಯಲಿಲ್ಲ. ಆದರೂ ಇಪ್ಪತ್ತು ಮಂದಿಗೆ ಅನ್ಯಾಯವಾಯಿತು. ಚೀಟಿಯ ಮೇಲೆ ಒತ್ತಿದ ತಾರೀಕು ಆ ಕಾಣದ ಇಪ್ಪತ್ತು ಸಹೋದರಿಯರ ಪರವಾಗಿ ಮಾತಾಡುತ್ತದೆ. ದಂಡವೂ ಅವರ ಪರವಾಗಿಯೇ ಇರುವುದು, ಕಾಲೇಜಿನ ಆದಾಯಕ್ಕಾಗಿಯಲ್ಲ.

ದಂಡವು ಓದುಗರನ್ನು ಬೆದರಿಸಿ ಓಡಿಸುವಂತಾದರೆ ಅದರ ಉದ್ದೇಶವೇ ಕೆಡುವುದೆಂಬುದನ್ನೂ ನಾವು ಒಪ್ಪುತ್ತೇವೆ. ಅಮೇರಿಕದಲ್ಲಿ ಶಿಕಾಗೊ ನಗರದ ಸಾರ್ವಜನಿಕ ಪುಸ್ತಕಾಲಯವು 2019ರಲ್ಲಿಯೂ ನ್ಯೂಯಾರ್ಕಿನ ಸಾರ್ವಜನಿಕ ಪುಸ್ತಕಾಲಯವು 2021ರಲ್ಲಿಯೂ, ಬಡ ಓದುಗರೇ ಇದರಿಂದ ದೂರವಾಗುತ್ತಾರೆಂದು ಕಂಡು, ತಡಮಾಡಿದ್ದಕ್ಕಾಗಿ ದಂಡ ಹಾಕುವುದನ್ನು ನಿಲ್ಲಿಸಿದವು. ಆದರೆ ಕಳೆದ ಪುಸ್ತಕದ ಬೆಲೆಯನ್ನು ಕೇಳುವುದನ್ನು ಅವು ಬಿಟ್ಟಿಲ್ಲ. ನಮ್ಮ ಕಾಲೇಜುಗಳಲ್ಲಿ ದಂಡವು ಇರುವವರೆಗೂ ಅದನ್ನು ತಪ್ಪಿಸಿಕೊಳ್ಳುವ ದಾರಿಯು ಸುಲಭವೇ. ಓದು ಮುಗಿಯದಿದ್ದರೆ ತಾರೀಕು ಮೀರುವ ಮುನ್ನ ಪುಸ್ತಕವನ್ನು ತೋರಿಸಿ ಅವಧಿಯನ್ನು ಮುಂದುವರಿಸಿಕೊಳ್ಳಬಹುದು. ಬೇರೊಬ್ಬರು ಕೇಳಿಲ್ಲದಿದ್ದರೆ ಸಾಮಾನ್ಯವಾಗಿ ಒಪ್ಪುತ್ತಾರೆ. ಬೇಕಾದ ಪುಸ್ತಕವು ಹೊರಗೆ ಹೋಗಿದ್ದರೆ ಹೆಸರನ್ನು ಬರೆಯಿಸಿ ಕಾಯ್ದಿರಿಸಬಹುದು. ಕಾಯಿಲೆಯಾಗಲಿ ಮನೆಯಲ್ಲಿ ವಿಪತ್ತಾಗಲಿ ಬಂದರೆ ಒಂದು ಕಾಗದವನ್ನು ಬರೆದು ತಿಳಿಸತಕ್ಕದ್ದು. ಮೌನವಾಗಿರುವುದರಿಂದಲೇ ಸಣ್ಣ ದಂಡವು ದೊಡ್ಡದಾಗುವುದು.

ಪುಸ್ತಕವು ನಿಜವಾಗಿಯೇ ಕಳೆದುಹೋದರೆ? ಮೊದಲ ದಿನವೇ ಗ್ರಂಥಪಾಲಕರಿಗೆ ತಿಳಿಸಬೇಕು. ಅದೇ ಪುಸ್ತಕದ ಬೇರೆ ಪ್ರತಿಯನ್ನು ತಂದುಕೊಡುವುದಕ್ಕೆ ಅನೇಕ ಕಡೆಗಳಲ್ಲಿ ಅವಕಾಶವಿದೆ. ಹಳೆಯ ಪುಸ್ತಕಗಳ ಅಂಗಡಿಯಲ್ಲಿ ಕಡಮೆ ಕ್ರಯಕ್ಕೆ ಸಿಕ್ಕಿದ ಪ್ರತಿಯನ್ನು ಒಪ್ಪುವರೇ ಎಂದು ಮೊದಲೇ ಕೇಳಿಕೊಳ್ಳಬೇಕು. ಕಾಲೇಜನ್ನು ಬಿಡುವಾಗ ಬಾಕಿಯೇನೂ ಇಲ್ಲವೆಂಬ ಪತ್ರವಿಲ್ಲದೆ ವರ್ಗಾವಣೆಯ ಪತ್ರವೂ ಠೇವಣಿಯೂ ಕೈಗೆ ಬಾರದಾದುದರಿಂದ ಈ ಲೆಕ್ಕವನ್ನು ಕೊನೆಯ ದಿನಕ್ಕೆ ಬಿಡಬಾರದು. ಕಳೆಯುವುದಕ್ಕಿಂತಲೂ ಕೆಡುವುದೇ ಹೆಚ್ಚು. ಮಳೆಗಾಲದಲ್ಲಿ ಪುಸ್ತಕವನ್ನು ದಪ್ಪವಾದ ಚೀಲದಲ್ಲಿ ಸುತ್ತಿ ತರಬೇಕು. ಗೆದ್ದಲಿರುವ ಗೋಡೆಯ ಬಳಿಯಲ್ಲಿಡಬಾರದು. ಪುಟವನ್ನು ಮಡಿಸದೆ ಕಾಗದದ ಚೂರನ್ನು ಗುರುತಿಗಿಡಬೇಕು. ಪುಸ್ತಕವನ್ನು ತೆಗೆದುಕೊಳ್ಳುವಾಗಲೇ ಹರಿದ ಪುಟಗಳಿದ್ದರೆ ತೋರಿಸಿಬಿಟ್ಟರೆ ಮುಂದೆ ಆಕ್ಷೇಪಣೆಗೆ ಎಡೆಯಿರುವುದಿಲ್ಲ.

ಪುಸ್ತಕಾಲಯವು ಪುಸ್ತಕ ಕೊಡುವುದರಲ್ಲಿಯೇ ತನ್ನ ಸೇವೆಯನ್ನು ಮುಗಿಸುವುದಿಲ್ಲ. ಪಠ್ಯಗಳನ್ನು ಕೊಳ್ಳಲಾರದ ವಿದ್ಯಾರ್ಥಿನಿಯರಿಗೂ ಪರಿಶಿಷ್ಟ ಜಾತಿ ಮತ್ತು ಪಂಗಡಗಳವರಿಗೂ ಹಲವು ಕಾಲೇಜುಗಳಲ್ಲಿ 'ಬುಕ್ ಬ್ಯಾಂಕ್' ಎಂಬ ಏರ್ಪಾಡಿದ್ದು, ಪಠ್ಯಗಳನ್ನು ದೀರ್ಘಕಾಲಕ್ಕೆ ಕೊಡುತ್ತಾರೆ. ಕೇಳಿದವರಿಗೆ ಮಾತ್ರ ಇದು ಸಿಗುವುದೆಂಬುದು ಹಲವರಿಗೆ ತಿಳಿಯದು. ತಮ್ಮಲ್ಲಿಲ್ಲದ ಗ್ರಂಥವನ್ನು ಬೇರೆ ಪುಸ್ತಕಾಲಯದಿಂದ ತರಿಸಿಕೊಡುವ ಕ್ರಮವೂ ಉಂಟು. 1988ರಲ್ಲಿ ದೆಹಲಿಯಲ್ಲಿ ಆರಂಭವಾದ ಡೆಲ್‌ನೆಟ್ ಸಂಸ್ಥೆಯು ಸದಸ್ಯ ಪುಸ್ತಕಾಲಯಗಳ ನಡುವೆ ಇಂಥ ವಿನಿಮಯವನ್ನು ನಡೆಸುತ್ತದೆ. ಖರಗಪುರದ ಐ. ಐ. ಟಿ.ಯವರು ನಡೆಸುವ ರಾಷ್ಟ್ರೀಯ ಡಿಜಿಟಲ್ ಗ್ರಂಥಾಲಯವು 2018ರಲ್ಲಿ ದೇಶಕ್ಕೆ ಅರ್ಪಿತವಾಯಿತು. ಮನೆಯಲ್ಲಿರುವ ಮೊಬೈಲಿನಲ್ಲಿಯೇ ಅದನ್ನು ತೆರೆಯಬಹುದು. ಕಣ್ಣು ಕಾಣದವರಿಗಾಗಿ ಗ್ರಂಥಗಳನ್ನು ಧ್ವನಿಯಲ್ಲಿಯೂ ಬ್ರೈಲಿಯಲ್ಲಿಯೂ ಸಿದ್ಧಪಡಿಸಿ ಹಂಚುವುದಕ್ಕೆ 2013ರಲ್ಲಿ ಮರಾಕೆಷ್ ನಗರದಲ್ಲಿ ಒಂದು ಅಂತರರಾಷ್ಟ್ರೀಯ ಒಪ್ಪಂದವಾಯಿತು. 2014ರಲ್ಲಿ ಅದನ್ನು ಮೊತ್ತಮೊದಲು ಅಂಗೀಕರಿಸಿದ ದೇಶವು ಭಾರತವೇ. ಇಂಥ ಗ್ರಂಥಗಳು 'ಸುಗಮ್ಯ ಪುಸ್ತಕಾಲಯ'ದ ಮೂಲಕ ದೊರೆಯುತ್ತವೆ. ಎಲ್ಲಕ್ಕಿಂತಲೂ ದೊಡ್ಡ ಸೇವೆಯೆಂದರೆ ಗ್ರಂಥಪಾಲಕರೇ. 'ಈ ವಿಷಯಕ್ಕೆ ಏನನ್ನು ಓದಲಿ?' ಎಂದು ಕೇಳುವುದರಲ್ಲಿ ನಾಚಿಕೆಯೇನಿಲ್ಲ. ಆ ಪ್ರಶ್ನೆಗೆ ಉತ್ತರ ಕೊಡುವುದೇ ಅವರ ವೃತ್ತಿ.

ಪೋಷಕರಲ್ಲಿ ನಮ್ಮದೊಂದು ವಿಜ್ಞಾಪನೆ. ಪ್ರತಿಯೊಂದು ಕಾಲೇಜಿನಲ್ಲಿ ಪುಸ್ತಕಗಳ ಸಂಖ್ಯೆಯೂ ದಿನಗಳ ಅವಧಿಯೂ ದಂಡದ ಮೊತ್ತವೂ ಬೇರೆಬೇರೆ. ಮಗಳನ್ನು ಸೇರಿಸುವ ದಿನವೇ ಅವುಗಳನ್ನು ಕೇಳಿ ಬರೆದುಕೊಳ್ಳಿರಿ. ಮನೆಯ ಕ್ಯಾಲೆಂಡರಿನಲ್ಲಿ ಹಾಲಿನ ಲೆಕ್ಕದ ಪಕ್ಕದಲ್ಲಿ ಪುಸ್ತಕದ ತಾರೀಕನ್ನೂ ಗುರುತುಮಾಡಿರಿ. ಓದುವ ಹುಡುಗಿಗೆ ಸಂಜೆ ಒಂದು ಗಂಟೆಯ ಬಿಡುವನ್ನು ಕೊಡಿರಿ. ಬಿಡುವಿಲ್ಲದ ಮನೆಗೆ ಬಂದ ಪುಸ್ತಕವು ತೆರೆಯದೆಯೇ ಹಿಂದಿರುಗುವುದು. ಹಳೆಯ ವಿದ್ಯಾರ್ಥಿನಿಯರು ತಮ್ಮ ನೆರೆಯ ಹುಡುಗಿಯನ್ನು ಮೊದಲ ಸಾರಿ ಪುಸ್ತಕಾಲಯದ ಬಾಗಿಲವರೆಗೆ ಕರೆದೊಯ್ದರೆ ಅದೂ ಒಂದು ವಿದ್ಯಾದಾನವೇ. ಯಾರ ಬೀರುವಿನಲ್ಲಾದರೂ ಹಿಂದಿರುಗಿಸಲು ಮರೆತ ಪುಸ್ತಕವಿದ್ದರೆ ಇಂದಾದರೂ ಕಳುಹಿಸಿಕೊಡಲಿ.

ಮೊದಲು ಹೇಳಿದ ಆ ಹಳೆಯ ವಿದ್ಯಾರ್ಥಿನಿಯು ಎರಡನೆಯ ವರ್ಷದಲ್ಲಿ ಧೈರ್ಯಮಾಡಿ ಮೇಜಿನ ಬಳಿಗೆ ಹೋಗಿ ಕೇಳಿದಳು. ಶನಿವಾರ ಒಯ್ದು ಸೋಮವಾರ ತರಬಹುದೆಂದು ಅಲ್ಲಿಯವರು ಹೇಳಿದರು. ಸೀರೆಯ ತುಂಡಿನಲ್ಲಿ ಸುತ್ತಿ ತಂದ ಆ ಪುಸ್ತಕವನ್ನು ತಂದೆಯವರೇ ತಮ್ಮ ಪೆಟ್ಟಿಗೆಯ ಮೇಲಿಟ್ಟು ಕಾದರಂತೆ. ಈಗ ಆಕೆಯ ಮಗಳೇ ಕಾಲೇಜು ಸೇರುವ ವಯಸ್ಸಿನವಳು. "ಈ ಸಾರಿ ಮೊದಲ ವಾರದಲ್ಲೇ ಕಾರ್ಡು ಮಾಡಿಸುತ್ತೇನೆ ಟೀಚರ್" ಎಂದು ಹೇಳಿ ಹೋಗಿದ್ದಾಳೆ. ನಮ್ಮ ಎಲ್ಲಾ ಬಾಲಿಕೆಯರ ಮನೆಗಳಲ್ಲಿಯೂ ಹಾಗೆಯೇ ಆಗಲೆಂದು ನಾವು ಹಾರೈಸುತ್ತೇವೆ.